ಎಣ್ಣೆ ಹಚ್ಚಿದ ಹಾಡುಗಳು

ಪ್ಲೇಟಿಗೆ ಎಣ್ಣೆ ಹಚ್ಚಬಾರದು. ಇಷ್ಟು ಸಣ್ಣ ಮಾತನ್ನು ಕಲಿಯಲು ನನಗೆ ಇಪ್ಪತ್ತೇಳು ವರ್ಷ ಬೇಕಾದವು. ಮೊಮ್ಮಕ್ಕಳೇ, ನಾನು ಹೇಳುತ್ತಿರುವುದು ಉಣ್ಣುವ ಪ್ಲೇಟಿನ ಮಾತಲ್ಲ, ಹಾಡುವ ಪ್ಲೇಟಿನ ಮಾತು. ನೀವು ಕ್ಯಾಸೆಟ್ಟಿನ ಕಾಲದವರು. ತುರುಕಿ ಗುಂಡಿ ಒತ್ತಿದರೆ ಆಯಿತು. ನಮ್ಮ ಕಾಲದ ಹಾಡು ಕಪ್ಪಗೆ, ಗುಂಡಗೆ, ಸಣ್ಣ ರೊಟ್ಟಿಯಷ್ಟು ಇರುತ್ತಿತ್ತು. ಅದರ ಮೈತುಂಬ ಕೂದಲೆಳೆಯಂಥ ಗೆರೆಗಳು. ತಿರುಗುವ ಪ್ಲೇಟಿನ ಮೇಲೆ ಸೂಜಿ ಇಟ್ಟರೆ ಅದು ಗೆರೆ ಹಿಡಿದು ನಡೆಯುತ್ತಿತ್ತು, ಹಾಡು ಕೇಳಿಸುತ್ತಿತ್ತು. ಊರವರು ರಿಕಾರ್ಡು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದು ಪ್ಲೇಟು.

ನಾನು ಮೋಟೆಬೆನ್ನೂರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಪದ್ಯ ಒಪ್ಪಿಸು ಎಂದರೆ ದನಿ ಗಂಟಲಲ್ಲೇ ಕುಳಿತುಬಿಡುತ್ತಿತ್ತು. ಮಾಸ್ತರರು ನನ್ನ ತುಟಿ ಅಲುಗುವುದನ್ನು ನೋಡಿ ಪಾಸು ಮಾಡುತ್ತಿದ್ದರು. ಇಂಥವಳನ್ನು ಕೊಟ್ಟದ್ದು ಎಲ್ಲಿಗೆ? ಬ್ಯಾಡಗಿಯಲ್ಲಿ ಮದುವೆ ಮುಂಜಿಗೆ ಸ್ಪೀಕರ್ ಸೆಟ್ಟು ಹಾಕುವವರ ಮನೆಗೆ. ನಿಮ್ಮ ಅಜ್ಜ ಮಾಳಿಗೆಯ ಮೇಲೆ ಹಾರ್ನು ಕಟ್ಟಿದರೆ ಮೂರು ಊರಿಗೆ ಹಾಡು ಕೇಳುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಆಡಿದ ಮಾತು ಬಾಗಿಲಿಗೇ ಕೇಳುತ್ತಿರಲಿಲ್ಲ.

ಮದುವೆ ಮನೆಗೆ ಒಯ್ಯುವ ಪ್ಲೇಟುಗಳನ್ನು ಅವರು ಅಂಗಡಿಯಲ್ಲೇ ಬೀಗ ಹಾಕಿ ಇಡುತ್ತಿದ್ದರು. ಮನೆಯಲ್ಲಿದ್ದದ್ದು ಹನ್ನೆರಡು ಮಾತ್ರ, ಅವರ ಜೀವಕ್ಕಿಷ್ಟವಾದವು. ಅವುಗಳಲ್ಲಿ ಒಂದು ಎಲ್ಲಕ್ಕಿಂತ ಹೆಚ್ಚಿನದು. ಐರಣಿ ಕಡೆಯ ನಾಟಕದ ಮೇಳವೊಂದು ಒಮ್ಮೆ ಎರಡು ಹಾಡಿನ ಪ್ಲೇಟು ಮಾಡಿಸಿತ್ತು. ಹಾಡಿದವರು ಬೇರೆ, ಹಿಂದೆ ತಾಳ ಹಾಕಿದವರು ನಿಮ್ಮ ಅಜ್ಜ. ಅವರ ಫೋಟೋ ನಮ್ಮಲ್ಲಿ ಮೂರಿವೆ. ಆದರೆ ಅವರು ಮಾಡಿದ ಸಪ್ಪಳ ಎಂದು ಈ ಲೋಕದಲ್ಲಿ ಉಳಿದಿರುವುದು ಆ ತಾಳ ಒಂದೇ. ಅವರು ಹೋದದ್ದು ನೀವು ಹುಟ್ಟುವ ಮೊದಲು. ನಿಮಗೆ ಅಜ್ಜನನ್ನು ಕೇಳಿಸಬೇಕೆಂದರೆ ಅದೇ ಪ್ಲೇಟು ಬೇಕು.

ಈಗ ಎಣ್ಣೆಯ ಸಂಗತಿ. ಬ್ಯಾಡಗಿಯಲ್ಲಿ ಧೂಳು ಎಂದರೆ ಮಣ್ಣಲ್ಲ, ಮೆಣಸಿನಕಾಯಿ. ಸುಗ್ಗಿಯಲ್ಲಿ ಮಾರ್ಕೆಟ್ ಯಾರ್ಡಿನಿಂದ ಕೆಂಪು ಧೂಳು ಹಾರಿ ಹಾಸಿಗೆ, ಪಾತ್ರೆ, ದೇವರ ಹಣೆ, ಎಲ್ಲದರ ಮೇಲೂ ಕೂಡುತ್ತದೆ. ಬೀಗರು ಸೀನುತ್ತಲೇ ಒಳಗೆ ಬರುತ್ತಾರೆ. ನಾವು ಯಾರೂ ಸೀನುವುದಿಲ್ಲ. ಒಣಮೆಣಸಿನಕಾಯಿ ಕುಟ್ಟುವ ಮೊದಲು ನಮ್ಮಲ್ಲಿ ಅಂಗೈಗೆ ಇಷ್ಟು ಎಣ್ಣೆ ತಗೊಂಡು ಅದಕ್ಕೆ ಸವರುತ್ತೇವೆ. ಘಾಟು ಏಳುವುದಿಲ್ಲ, ಬಣ್ಣಕ್ಕೂ ಹೊಳಪು ಬರುತ್ತದೆ. ನಾನು ಮದುವೆಯಾಗಿ ಬಂದ ಮೊದಲ ಮಾನೌಮಿ. ಆಯುಧಪೂಜೆಗೆಂದು ಪ್ಲೇಟುಗಳನ್ನು ಹೊರಗೆ ತೆಗೆದರೆ ಮೈಮೇಲೆಲ್ಲ ಕೆಂಪು ಧೂಳು. ನನ್ನ ನಾಲ್ಕನೆಯ ಇಯತ್ತೆಯ ಬುದ್ಧಿ ಲಗುಬಗೆಯಿಂದ ಕೆಲಸ ಮಾಡಿತು. ಹತ್ತಿಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ ಹನ್ನೆರಡಕ್ಕೂ ಸವರಿದೆ. ಕನ್ನಡಿಯ ಹಾಗೆ ಹೊಳೆದವು! ಅತ್ತೆ ಬಂದವರಿಗೆಲ್ಲ ತೋರಿಸಿದರು. "ನೋಡ್ರಿ, ನನ್ನ ಸೊಸಿ ಎಷ್ಟ ಶಾಣ್ಯಾಕಿ ಅದಾಳ!"

ನಿಮ್ಮ ಅಜ್ಜ ಪ್ಲೇಟು ನೋಡಿದರು. ನನ್ನ ಮುಖ ನೋಡಿದರು. "ಛಲೋ ಆಗೈತಿ," ಎಂದರು.

ಅಲ್ಲಿಂದ ಪ್ರತಿ ಮಾನೌಮಿಗೆ ಪ್ಲೇಟಿಗೆ ಎಣ್ಣೆಸ್ನಾನ.

ಹತ್ತು ಹನ್ನೆರಡು ವರ್ಷಗಳ ಮೇಲೆ ಆ ಹಾಡುಗಳು ಕಂಬಳಿ ಹೊದ್ದು ಹಾಡಿದಂತೆ ಕೇಳತೊಡಗಿದವು. "ಹಿಂಗ್ಯಾಕ ಕೇಳಸ್ತಾವ್ರಿ?" ಎಂದು ಕೇಳಿದರೆ ಅವರು ಕಿವಿಗೆ ಕೈ ಹಚ್ಚಿ, "ಪ್ಲೇಟು ಛಲೋ ಅದಾವ. ನನ್ನ ಕಿವೀನ ಮಂದ ಆಗ್ಯಾವ ನೋಡು. ದಿನಾ ಹಾರ್ನಿನ ಬುಡಕ ಕುಂತು ಕುಂತು," ಎಂದರು. ಮಂದವಾಗಿ ಕೇಳಿದ್ದು ನನಗೂ ಹೌದಲ್ಲ ಎಂದು ನಾನು ಯೋಚಿಸಲಿಲ್ಲ. ಗಂಡನ ಕಿವಿ ಹೋಯಿತು ಎಂಬ ಗಾಬರಿಯಲ್ಲಿ ನನ್ನ ಕಿವಿಯ ನೆನಪು ಯಾರಿಗೆ? ಹಾವೇರಿಯ ಕಿವಿ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದೆ. ಅವರು ಬೆಳಕು ಬಿಟ್ಟು ನೋಡಿ, "ಅಮ್ಮಾ, ಇವರ ಕಿವಿ ಭಾಳ ಚೊಕ್ಕ ಅದಾವ," ಎಂದರು. ಆ ಡಾಕ್ಟರರಿಗೆ ಏನೂ ಬರುವುದಿಲ್ಲ ಎಂದು ನಾನು ಬಸ್ಸಿನುದ್ದಕ್ಕೂ ಬೈದೆ. ನಿಮ್ಮ ಅಜ್ಜ ಕಿಟಕಿಯ ಕಡೆ ತಿರುಗಿ ಕುಳಿತಿದ್ದರು.

ಆಮೇಲೆ ನಾನು ಜೋರಾಗಿ ಮಾತಾಡಲು ಕಲಿಯಲೇಬೇಕಾಯಿತು. ಮೊದಲ ದಿನ "ಊಟಕ್ಕ ಬರ್ರೀ!" ಎಂದು ಕೂಗಿ ನನ್ನ ದನಿಗೆ ನಾನೇ ಹೆದರಿ ಸೌಟು ಕೈಬಿಟ್ಟೆ. ಅವರು ಅಂಗಳದಿಂದ, "ಆಂ? ಏನಂದಿ?" ಎಂದರು. ಇನ್ನೂ ಜೋರಾಗಿ ಕೂಗಿದೆ. ಒಂದು ವರ್ಷದಲ್ಲಿ ನಾನು ಊಟಕ್ಕೆ ಕರೆದರೆ ಓಣಿಯ ಅರ್ಧ ಜನ ಕೈ ತೊಳೆಯುವಂತಾಯಿತು. ಎದುರು ಮನೆಯ ಗಂಗವ್ವ, "ಇಷ್ಟ ದಿವಸ ಈ ದನಿ ಎಲ್ಲೆ ಇಟ್ಟಿದ್ದಿ, ನಿಮ್ಮ ತವರುಮನ್ಯಾಗೇನ?" ಎಂದು ಕೇಳಿದಳು. ಕಿವುಡರ ಮನೆಯಲ್ಲಿ ಇನ್ನೊಂದು ಅನುಕೂಲವೂ ಉಂಟು. ಕೂಗಿದ್ದಷ್ಟೇ ಅವರಿಗೆ, ಗೊಣಗಿದ್ದೆಲ್ಲ ನಮಗೆ. ಅವರು ಕೈವಸ್ತ್ರಗಳನ್ನು ಕೆಂಪು ಜಿಡ್ಡು ಮಾಡಿ ಒಗೆಯಲು ಹಾಕುತ್ತಿದ್ದರು. ಎಲೆ ಅಡಿಕೆ ಜಗಿದು ಬಾಯಿ ಒರೆಸುತ್ತಾರೆಂದು ನಾನು ಅವರೆದುರೇ, ಸಣ್ಣ ದನಿಯಲ್ಲಿ, ಅವರ ವಂಶವನ್ನೆಲ್ಲ ಒಗೆದು ಹಿಂಡಿದ್ದೇನೆ. ಅವರು ಪೇಪರು ಓದುತ್ತ ಕೂತಿರುತ್ತಿದ್ದರು.

ಅವರು ತೀರಿಹೋದ ಮೇಲೆ ಪೂಜೆ ಇನ್ನಷ್ಟು ಶ್ರದ್ಧೆಯಿಂದ ನಡೆಯಿತು, ಎಣ್ಣೆಯೂ ಇನ್ನಷ್ಟು ಧಾರಾಳವಾಗಿ. ಎರಡೇ ವರ್ಷಕ್ಕೆ ಪ್ಲೇಟುಗಳು ಪೂರಾ ಮೂಕಾದವು. ಸೂಜಿ ಜಾರಿ ಜಾರಿ ಹೋಗುತ್ತಿತ್ತು. ತಾಳದ ಪ್ಲೇಟೂ ಅಷ್ಟೇ. ಯಜಮಾನನ ಜೊತೆ ಇವೂ ಬಾಯಿ ಮುಚ್ಚಿದವು ಎಂದು ನಾನು ಪೆಟ್ಟಿಗೆಯ ಮುಂದೆ ಕೂತು ಅತ್ತಿದ್ದೂ ಉಂಟು. ಪ್ಲೇಟುಗಳಿಗೆ ಇಷ್ಟು ನಿಯತ್ತು ಇರುತ್ತದೆಯೇ ಎಂದು ಬೆರಗೂ ಪಟ್ಟಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ನಿಮ್ಮ ಅವ್ವ ಕಸ್ತೂರಿ ಹಾವೇರಿಯಿಂದ ಬಂದವಳು ಇದನ್ನು ನೋಡಿ ರಾಣೆಬೆನ್ನೂರಿನ ಇಮಾಮಸಾಬರಿಗೆ ಹೇಳಿಕಳಿಸಿದಳು. ಅವರದು ಗಡಿಯಾರ ರಿಪೇರಿ ಅಂಗಡಿ. ನಿಮ್ಮ ಅಜ್ಜನ ಜೀವದ ಗೆಳೆಯರು, ಪ್ಲೇಟಿನ ಮಿಶಿನ್ನು ಕೆಟ್ಟರೆ ಅವರೇ ಸರಿ ಮಾಡುತ್ತಿದ್ದರು. ಪ್ಲೇಟುಗಳನ್ನು ತರಲೇ ಎಂದರೆ, "ಬ್ಯಾಡ್ರಿ, ಈ ಬಿಸಿಲಾಗ ಬಸ್ಸಿನ್ಯಾಗ ತಂದ್ರ ಹಪ್ಪಳ ಆಗ್ತಾವ. ನಾನ ಬರ್ತೀನಿ," ಎಂದು ಹೇಳಿ, ಒಂದು ಸ್ಟೀಲಿನ ಡಬ್ಬಿಯನ್ನು ಚಾದರದಲ್ಲಿ ಸುತ್ತಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು.

ಅದೊಂದು ವಿಚಿತ್ರ ಡಬ್ಬಿ. ಅಕ್ಕಸಾಲಿಗರು ಒಡವೆಯ ಸಂದಿನ ಕೊಳೆ ತೆಗೆಯಲು, ಗಡಿಯಾರದವರು ಸಣ್ಣ ಚಕ್ರ ತೊಳೆಯಲು ಇಟ್ಟುಕೊಳ್ಳುವಂಥದ್ದು. ಅದರಲ್ಲಿ ಬ್ರಶ್ಶಿಲ್ಲ, ತಿರುಗುವ ರೆಕ್ಕೆಯಿಲ್ಲ. "ಮತ್ತ ತೊಳೆಯೋರು ಯಾರ್ರಿ?" ಎಂದೆ.

"ಸಪ್ಪಳ, ವೈನೀ. ನಮ್ಮ ಕಿವಿಗೆ ಸಿಗಲಾರದಂಥ ಸಣ್ಣ ಸಪ್ಪಳ. ಅದು ನೀರಾಗ ಕಣ್ಣಿಗೆ ಕಾಣದಂಥ ಗುಳ್ಳಿ ಎಬ್ಬಸತೈತಿ. ಆ ಗುಳ್ಳಿ ಒಡದು ಕೊಳಿ ಕಿತ್ತ ಹಾಕ್ತಾವ. ಬಾವಲಿ ಮಾತಾಡೋ ದನಿ ಇದ್ದಂಗ ಅನ್ಕೋರಿ."

ಕೇಳಿಸದ ಸಪ್ಪಳ ಬಂದು ಕೇಳಿಸುವ ಸಪ್ಪಳದ ಕೊಳೆ ತೆಗೆಯುವುದು! ಶಾಲೆಯಲ್ಲಿ ನನ್ನಂತೆ ತುಟಿಯಷ್ಟೇ ಅಲುಗಿಸುವವರಿಗೆ ಇಂಥ ಕೆಲಸವಿದೆ ಎಂದು ಮಾಸ್ತರರು ಯಾಕೆ ಹೇಳಲಿಲ್ಲವೋ. ನನಗೆ ನಂಬಿಕೆ ಬರಲಿಲ್ಲ. ಆದರೆ ಇಮಾಮಸಾಬರು ಗುಂಡಿ ಒತ್ತಿದ ಕೂಡಲೇ ಒಲೆಯ ಪಕ್ಕ ಮಲಗಿದ್ದ ಬೆಕ್ಕು ಬಾಲ ನಿಗುರಿಸಿಕೊಂಡು ಹಿತ್ತಲಿಗೆ ಓಡಿತು. ನಮಗೆ ಕೇಳಿದ್ದು ಬರೀ ಕಣಜದ ಹುಳದಂಥ ಗುಂಯ್ ಸದ್ದು. ಬೆಕ್ಕಿಗೆ ಏನು ಕೇಳಿತೋ ಬೆಕ್ಕಿಗೇ ಗೊತ್ತು.

ನಳದ ನೀರು ಬೇಡ, ಸುಣ್ಣ ಕೂಡುತ್ತದೆ ಎಂದು ಟ್ರ್ಯಾಕ್ಟರಿನ ಬ್ಯಾಟರಿಗೆ ಹಾಕುವ ನೀರನ್ನೇ ಅವರು ತಂದಿದ್ದರು. ಒಂದೆರಡು ಹನಿ ಪಾತ್ರೆ ಸೋಪು ಹಾಕಿದರು. ಸೈಕಲ್ಲಿನ ಕಡ್ಡಿಯೊಂದನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು ಪ್ಲೇಟಿನ ನಡುವಿನ ತೂತಿಗೆ ಪೋಣಿಸಿದರು. ಗೆರೆಗಳು ನೀರಿನಲ್ಲಿ ಮುಳುಗಬೇಕು, ನಡುವಿನ ಕಾಗದದ ಚೀಟಿ ಒದ್ದೆಯಾಗಬಾರದು. ಬೆರಳಿನಿಂದ ಮೆಲ್ಲಗೆ, ಬೀಸುವ ಕಲ್ಲಿಗಿಂತ ಮೆಲ್ಲಗೆ, ತಿರುಗಿಸುತ್ತ ಹೋದರು. ನೀರು ಬೆಚ್ಚಗಾದಂತೆ ಕಂಡರೆ ನಿಲ್ಲಿಸಿ ಆರಿಸುತ್ತಿದ್ದರು.

ಮೊದಲ ಸುತ್ತು ಮುಗಿಯುವ ಮೊದಲೇ ಪ್ಲೇಟಿನಿಂದ ಕೆಂಪಗೆ ಹೊಗೆಯಂಥದ್ದು ನೀರಿಗೆ ಇಳಿಯತೊಡಗಿತು. ನಾನು ಎದೆ ಹಿಡಿದುಕೊಂಡೆ. ರಕ್ತವೇ ಎಂದುಕೊಂಡೆ! ನೋಡುನೋಡುತ್ತ ಡಬ್ಬಿಯ ತುಂಬ ಕೆಂಪು ಸಾರು, ಮೇಲೆ ಎಣ್ಣೆಯ ಕಣ್ಣುಗಳು. ಘಾಟು ಎದ್ದಿತು. ಕಸ್ತೂರಿ ಸೀನಿದಳು, ಇಮಾಮಸಾಬರು ಸೀನಿದರು, ಹುಟ್ಟಿದಾಗಿನಿಂದ ಮೆಣಸಿನಕಾಯಿಗೆ ಸೀನದ ನಾನೂ ಸೀನಿದೆ.

"ವೈನೀ, ಉಪ್ಪೊಂದು ಹಾಕಿದ್ರ ರೊಟ್ಟಿ ಕೂಡ ಉಣಬಹುದಾಗಿತ್ತಲ್ರಿ!" ಎಂದು ಅವರು ಕಣ್ಣೊರೆಸಿಕೊಂಡರು. "ಈ ಎಣ್ಣಿ ಅಂಟಿನಂಗ ಗಟ್ಟಿ ಆಗೇತಿ. ಗೆರೀ ಎಲ್ಲಾ ಮುಚ್ಚಿತ್ತು."

ಆಗ ನನ್ನ ತಲೆಗೆ ಹೊಳೆಯಿತು. ಪ್ಲೇಟಿಗೆ ಮುಪ್ಪು ಬಂದಿರಲಿಲ್ಲ. ನಿಯತ್ತೂ ಬಂದಿರಲಿಲ್ಲ. ಹಾಡಿನ ಬಾಯಿಗೆ ಎಣ್ಣೆ ಮೆತ್ತಿದವಳು ನಾನು. ಮೊಮ್ಮಕ್ಕಳಿಗೆಂದು ಉಳಿದಿದ್ದ ಆ ಒಂದು ತಾಳವನ್ನು ಕೈಯಾರೆ, ಅದೂ ಅರಿಶಿನ ಕುಂಕುಮ ಏರಿಸಿ, ಮುಚ್ಚಿದ್ದೆ.

ತಾಳದ ಪ್ಲೇಟನ್ನು ಕೊನೆಗೆ ಇಟ್ಟುಕೊಂಡೆವು. ಮೂರು ಸಲ ನೀರು ಬದಲಿಸಿ, ಆಮೇಲೆ ಬರೀ ನೀರಿನಲ್ಲಿ ಅದ್ದಿ, ಮೆತ್ತನೆಯ ಹಳೆಯ ಸೀರೆಯ ಮೇಲೆ ಆರಲು ಇಟ್ಟೆವು. ಅದು ಆರುವಷ್ಟರಲ್ಲಿ ನಾನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದೆ. ಇಮಾಮಸಾಬರು ಹೊಸ ಸೂಜಿ ಹಾಕಿ ಪ್ಲೇಟು ತಿರುಗಲು ಬಿಟ್ಟರು. ಚರಚರ ಎಂದಿತು. ನಾನು ಕಣ್ಣು ಮುಚ್ಚಿದೆ. ಹಾರ್ಮೋನಿಯಂ ಬಂತು. ಅದರ ಹಿಂದೆಯೇ ಟಿಣ್... ಟಿಣ್... ಟಿಣ್. ಕೋಣೆಯಲ್ಲೇ ನಿಂತು ಹಾಕಿದಷ್ಟು ಸ್ಪಷ್ಟ! ನಡುವೆ ಒಂದು ಕಡೆ ಅವರು ತಾಳ ತಪ್ಪಿ, ಲಗೂನೆ ಓಡಿಬಂದು ಕೂಡಿಕೊಂಡದ್ದೂ ಕೇಳಿತು. ಕಸ್ತೂರಿ "ಅಪ್ಪಾ" ಎಂದಳು.

ಹಾಡು ಮುಗಿದಾಗ ನಾನೆಂದೆ, "ಪಾಪ, ಕಿವಿ ಮಂದ ಆಗಿ ಕೊನಿಗೆ ಅವರಿಗೆ ಇದು ಕೇಳಿಸಲೇ ಇಲ್ಲಲ್ರಿ."

ಇಮಾಮಸಾಬರು ಸೂಜಿ ಎತ್ತಿದರು. ಬಹಳ ಹೊತ್ತು ಟೊಪ್ಪಿಗೆ ಸರಿಮಾಡಿಕೊಂಡರು. "ವೈನೀ, ನಿಮಗ ಹೇಳಬಾರ್ದು ಅಂತ ಆಂವ ಆಣಿ ಹಾಕಿಸಿದ್ದ. ಇನ್ನ ಹೇಳಿದ್ರ ಬೈಯ್ಯಾಕ ಆಂವನ ಇಲ್ಲ. ಆಂವನ ಕಿವಿಗೆ ಏನೂ ಆಗಿರಲಿಲ್ರಿ."

"ಅಂದ್ರ?"

"ಮೊದಲ ವರ್ಷನ ನನ್ನ ಅಂಗಡಿಗೆ ಬಂದು, ಪ್ಲೇಟಿನ ಎಣ್ಣಿ ಹೆಂಗ ತೆಗೀಬೇಕೋ ಅಂತ ಕೇಳಿದ್ದ. ಹಚ್ಚಬ್ಯಾಡ ಅಂತ ಮನ್ಯಾಗ ಹೇಳಲೇ ಮೂಳಾ ಅಂದ್ನಿ. ಅದಕ್ಕ ಆಂವ, 'ಇಮಾಮ, ಆಕಿ ನಮ್ಮ ಮನಿಗೆ ಬಂದು ಎಂಟು ತಿಂಗಳಾತು. ಆ ದಿವಸ ಅವ್ವ ಶಾಣ್ಯಾಕಿ ಅಂದಾಗ ಮೊದಲ ಸಲ ನಕ್ಕಳು. ಪ್ಲೇಟು ಹೋದ್ರ ಹೋಗಲಿ ಬಿಡು' ಅಂದ. ಪ್ರತಿ ಸಲ ನೀವು ಹಚ್ಚೋದು, ಆಂವ ಕೈವಸ್ತ್ರ ತಗೊಂಡು ಕದ್ದು ಒರಸೋದು. ಪೂರಾ ಹೋಗತಿರಲಿಲ್ಲ. ಹಾಡು ಹಿಂಗ್ಯಾಕ ಅಂತ ನೀವು ಕೇಳಿದ್ರಿ, ಆಂವ ತಪ್ಪು ತನ್ನ ಕಿವಿ ಮ್ಯಾಲೆ ಹಾಕ್ಕೊಂಡ."

ಕೆಂಪು ಜಿಡ್ಡಿನ ಕೈವಸ್ತ್ರಗಳು ಒಂದೊಂದಾಗಿ ನೆನಪಾದವು. ಬೈದ ಡಾಕ್ಟರರು ನೆನಪಾದರು. ಆಮೇಲೆ ಎಲ್ಲಕ್ಕಿಂತ ದೊಡ್ಡ ಸಿಡಿಲು ಬಡಿಯಿತು. ಕಿವಿ ಚೆನ್ನಾಗಿದ್ದವು ಎಂದರೆ, ನಾನು ಗೊಣಗಿದ್ದೆಲ್ಲ? ಅವರ ಅವ್ವನ ಮೇಲೆ, ಅವರ ಗೊರಕೆಯ ಮೇಲೆ, ಅವರ ತಂಗಿ ಒಯ್ದ ತಾಮ್ರದ ಹಂಡೆಯ ಮೇಲೆ ಎಂಟು ವರ್ಷ ನಾನು ಆಡಿದ ಸಣ್ಣ ದನಿಯ ಪುರಾಣ? ಎಲ್ಲವನ್ನೂ ಆ ಮನುಷ್ಯ ಪೇಪರಿನ ಹಿಂದೆ ಕೂತು ಕೇಳಿದ್ದಾರೆ! ನನ್ನ ಮುಖ ಕಂಡು ಕಸ್ತೂರಿ ನೀರು ತಂದಳು.

ಮಕ್ಕಳೇ, ಇನ್ನೊಂದು ನೆನಪಾದದ್ದನ್ನು ನಾನು ಆ ದಿನ ಅವರಿಬ್ಬರಿಗೂ ಹೇಳಲಿಲ್ಲ. ನಿಮಗೆ ಬರೆದು ಹೇಳುತ್ತೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಕಸ್ತೂರಿಯನ್ನು ಗಂಡನ ಮನೆಗೆ ಕಳಿಸಿದ ಮರುದಿನ ಮನೆಯಲ್ಲಿ ನಾವಿಬ್ಬರೇ. ಅವರು ಊಟಕ್ಕೆ ಕೂತಿದ್ದರು. ನಾನು ಒಲೆಯ ಕಡೆ ತಿರುಗಿ, ಹೇಗೂ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದ ಮೇಲೆ, ತುಟಿಯಲ್ಲೇ ಅಂದಿದ್ದೆ: "ನೀವು ಮನ್ಯಾಗ ಇದ್ರ ನನಗ ಭಾಳ ಛಲೋ ಅನಸ್ತೈತಿ."

ಹಿಂದಿನಿಂದ ದನಿ ಬಂತು. "ಆಂ? ಏನಂದಿ? ಕೇಳಸಲಿಲ್ಲ, ಇನ್ನೊಮ್ಮೆ ಅನ್ನು."

ನಾನು ಬೆವತು, "ಪಲ್ಯಾ ಹಾಕ್ಲೇನ್ರೀ ಅಂದೆ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವರು ತಟ್ಟೆ ಮುಂದೆ ಹಿಡಿದರು. ತಟ್ಟೆಯಲ್ಲಿ ಆಗಲೇ ಬೇಕಾದಷ್ಟು ಪಲ್ಯವಿತ್ತು. ಅವರು ನಗುತ್ತಿದ್ದರು. ಈ ಮನುಷ್ಯನಿಗೆ ಪುಂಡಿಪಲ್ಯ ಇಷ್ಟು ಇಷ್ಟವೇ ಎಂದು ನಾನು ಇನ್ನೊಂದು ಸೌಟು ಬಡಿಸಿದ್ದೆ.

ಈಗ ನೀವು ಬಂದಾಗಲೆಲ್ಲ ಆ ಪ್ಲೇಟು ಹಾಕುತ್ತೇನೆ, ನೀವು ಅಜ್ಜ ತಾಳ ತಪ್ಪುವ ಜಾಗಕ್ಕೆ ಕಾದು ನಗುತ್ತೀರಿ. ನೀವು ಇಲ್ಲದಾಗಲೂ ಒಮ್ಮೊಮ್ಮೆ ಹಾಕುತ್ತೇನೆ. ಹಾಡು ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಅಂದಿನ ಆ ಮಾತನ್ನು ಇನ್ನೊಮ್ಮೆ ಅನ್ನುತ್ತೇನೆ, ಈ ಸಲ ಜೋರಾಗಿಯೇ. ಮೊನ್ನೆ ಗಂಗವ್ವ ಎದುರು ಮನೆಯಿಂದ, "ಯಾರಿಗೆ ಅನ್ನಾಕತ್ತೀಯ?" ಎಂದು ಕೂಗಿದಳು. ನಾನು ಕಿವಿಗೆ ಕೈ ಹಚ್ಚಿ, "ಆಂ? ಏನಂದಿ?" ಎಂದೆ.