ರೇಲಿಂಗ್ ಪಕ್ಕದ ನಾಲ್ಕನೇ ಪ್ಯಾಡ್

ಕೋವಿಡ್ ಹಿಂದೆ ಸರಿದು ಮುಂಬಯಿಯ ಮಾಲ್‌ಗಳು ಮತ್ತೆ ತುಂಬತೊಡಗಿದ ವರ್ಷ ನಾನು ಘಾಟ್ಕೋಪರ್‌ನ ಒಂದು ಮಾಲ್‌ನಲ್ಲಿ, ಮೂರನೇ ಮಹಡಿಯ ಗೇಮ್ ಝೋನ್‌ಗೆ ಆಪರೇಷನ್ಸ್ ಮ್ಯಾನೇಜರ್ ಆಗಿ ಸೇರಿದೆ. ಹುಟ್ಟಿ ಬೆಳೆದದ್ದು ಚೆಂಬೂರಿನಲ್ಲಿ, ಓದಿದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್‌ಸಿ. ಈ ಕೆಲಸಕ್ಕೆ ಮೊದಲು ಗೋರೆಗಾಂವ್‌ನ ಇನ್ನೊಂದು ಗೇಮ್ ಝೋನ್‌ನಲ್ಲಿ ಬಂಪರ್ ಕಾರು, ಏರ್ ಹಾಕಿ, ಬಾಸ್ಕೆಟ್‌ಬಾಲ್ ಯಂತ್ರಗಳನ್ನು ಹಲವು ವರ್ಷ ನೋಡಿಕೊಂಡಿದ್ದೆ. ಆಗ ಈ ಉದ್ಯಮದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್ ಆಟಗಳು ಇಂಥ ಜಾಗದಲ್ಲಿ ಓಡುತ್ತವೆಯೇ? ಹೊಸದಾಗಿ ಗೇಮ್ ಝೋನ್ ತೆರೆಯುವವರು ಈಗಲೂ ನನಗೆ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಓಡುತ್ತವೆ ಎನ್ನುತ್ತೇನೆ. ನಮ್ಮಲ್ಲಿ ಹೇಗೆ ಓಡಿದವು ಎಂದು ಹೇಳಲು ಹೊರಟರೆ ಅವರಿಗೆ ಬೇರೆ ಕೆಲಸ ನೆನಪಾಗುತ್ತದೆ.

ನಮ್ಮ ಮಾಲೀಕರು ಸುಧಾಕರಣ್ಣ. ಕುಂದಾಪುರದ ಕಡೆಯವರು, ಮುಂಬಯಿಯ ಹೋಟೆಲ್ ಉದ್ಯಮದಲ್ಲಿ ತಲೆ ಹಣ್ಣಾದವರು. ಮನೆಯಲ್ಲಿ ಕೂತು ಆರ್ಡರ್ ಮಾಡುವ ಅಭ್ಯಾಸ ಊರಿಗೆಲ್ಲ ಹಿಡಿದ ಮೇಲೆ, ಜನ ಕುಟುಂಬಸಮೇತ ಎದ್ದು ಬರುವ ವ್ಯಾಪಾರ ಬೇಕೆಂದು ಗೇಮ್ ಝೋನ್ ಹಾಕಿದ್ದರು. ಕೆಟ್ಟವರಲ್ಲ. ಕೆಲಸದವರಿಗೆಲ್ಲ ಮಧ್ಯಾಹ್ನದ ಊಟ ಅವರ ಹೋಟೆಲಿನಿಂದಲೇ ಬರುತ್ತಿತ್ತು, ಯಾರಿಗೆ ಸಾರು ಸಾಲಲಿಲ್ಲ ಎಂದು ಅವರೇ ಕೇಳುತ್ತಿದ್ದರು.

ವಿಆರ್ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಆಡುವವರು ಕಣ್ಣು ಪೂರ್ತಿ ಮುಚ್ಚುವ ಹೆಡ್‌ಸೆಟ್ ಹಾಕಿಕೊಳ್ಳುತ್ತಾರೆ. ಆ ಕ್ಷಣದಿಂದ ಅವರ ಸುತ್ತಲಿನ ಜಾಗ ಅವರಿಗೆ ಕಾಣುವುದಿಲ್ಲ. ಕಾಣುವುದು ಆಟದೊಳಗಿನ ಕಾಡು, ಸಮುದ್ರ, ಕಟ್ಟಡದ ತುದಿ. ಅವರು ನಿಜವಾಗಿ ನಡೆದಾಡುವ ಚೌಕಕ್ಕೆ ನಾವು ಪ್ಯಾಡ್ ಎನ್ನುತ್ತೇವೆ. ಚೌಕದ ಅಂಚನ್ನು ಮೊದಲೇ ಹೆಡ್‌ಸೆಟ್‌ಗೆ ಗುರುತು ಹಾಕಿಕೊಟ್ಟಿರುತ್ತೇವೆ. ಅಂಚಿನ ಹತ್ತಿರ ಬಂದರೆ ಕಣ್ಣ ಮುಂದೆ ಒಂದು ಬಲೆ ಮೂಡುತ್ತದೆ. ಇದೇ ಬೌಂಡರಿ. ಆದರೆ ಹೆಡ್‌ಸೆಟ್ ಜಾಗವನ್ನು ಅಳೆಯುವುದು ತನ್ನ ಪುಟ್ಟ ಕ್ಯಾಮೆರಾಗಳಿಂದ. ಎದುರಿಗೆ ಗಾಜಿದ್ದು, ಅದರ ಮೇಲೆ ಬಿಸಿಲು ಬಿದ್ದರೆ ಕ್ಯಾಮೆರಾ ಕಕ್ಕಾಬಿಕ್ಕಿಯಾಗುತ್ತದೆ, ಹಾಕಿದ ಬೌಂಡರಿ ಪಕ್ಕಕ್ಕೆ ಸರಿದುಬಿಡುತ್ತದೆ. ಹಾಗಾಗಿ ಬೆನ್ನ ಹಿಂದೆ ಒಬ್ಬ ಮನುಷ್ಯ ನಿಲ್ಲಲೇಬೇಕು.

ಮೊದಲಿಗೆ ನಾಲ್ಕು ಪ್ಯಾಡ್‌ಗಳನ್ನೂ ಒಳಗಿನ ಕೋಣೆಯಲ್ಲಿ ಹಾಕಿಸಿದ್ದೆ. ಕಿಟಕಿ ಇಲ್ಲ, ಗೋಡೆಗೆಲ್ಲ ಸ್ಪಂಜಿನ ಹೊದಿಕೆ, ಕಾಲಡಿ ಮೆತ್ತನೆಯ ಮ್ಯಾಟ್. ಸುರಕ್ಷಿತವಾಗಿತ್ತು, ಖಾಲಿಯೂ ಇತ್ತು. ಐದು ಜನರ ಕುಟುಂಬ ಬಂದರೆ ಒಬ್ಬರು ಆಡುತ್ತಾರೆ, ಉಳಿದ ನಾಲ್ವರು ಕತ್ತಲೆಯಲ್ಲಿ ಗಾಳಿಗೆ ಕೈ ಬೀಸುವವರನ್ನು ನೋಡುತ್ತಾ ಬೇಸತ್ತು ಬಂಪರ್ ಕಾರಿನ ಕಡೆ ಹೊರಡುತ್ತಾರೆ. ಕೆಲವರಿಗೆ ತಲೆ ತಿರುಗುತ್ತದೆ. ಇನ್ನು ಕೆಲವರು ಹಿಂದಿನವರ ಹಣೆಯ ಬೆವರು ಎಂದು ಮೂಗು ಮುರಿಯುತ್ತಾರೆ.

ಒಂದು ಶನಿವಾರ ಸುಧಾಕರಣ್ಣ ಆ ಕೋಣೆಯ ಬಾಗಿಲಲ್ಲಿ ಸ್ಟೂಲ್ ಹಾಕಿ ಬಹಳ ಹೊತ್ತು ಕೂತರು.

"ಒಳಗೆ ಎಂಥ ನಡೀತದೆ ಅಂತ ಹೊರಗಿನವರಿಗೆ ಗೊತ್ತಾಗ್ಬೇಕಲ್ಲ, ವಿದ್ಯಾ? ನಮ್ಮ ಹೋಟೆಲಿನಲ್ಲಿ ದೋಸೆಕಲ್ಲು ಎಲ್ಲಿಟ್ಟಿದ್ದೇವೆ, ಹಿಂದೆ ಕಿಚನ್ನಿನಲ್ಲಾ? ರಸ್ತೆಗೆ ಕಾಣುವ ಹಾಗೆ, ಗಾಜಿನ ಹಿಂದೆ. ಹೊಯ್ಯುದನ್ನು ನೋಡಿಯೇ ಅರ್ಧ ಜನ ಒಳಗೆ ಬರ್ತಾರೆ."

ಮುಂದಿನ ತಿಂಗಳು ಪ್ಯಾಡ್‌ಗಳು ಹೊರಗೆ ಬಂದವು. ಮಾಲ್‌ನ ನಡುವೆ ಗಾಜಿನ ಚಾವಣಿಯವರೆಗೆ ತೆರೆದ ಬಾವಿಯಂಥ ಜಾಗವಿದೆ. ಎಲ್ಲ ಮಹಡಿಗಳ ವೆರಾಂಡಗಳೂ ಅದರ ಸುತ್ತ. ನಮ್ಮ ಮಹಡಿಯ ವೆರಾಂಡದಲ್ಲಿ, ಗಾಜಿನ ರೇಲಿಂಗ್‌ನ ಪಕ್ಕಕ್ಕೆ, ಮರದ ಎತ್ತರದ ವೇದಿಕೆ ಕಟ್ಟಿಸಿದರು. ಆಡುವವರಿಗೆ ಕಾಣುವುದು ನೋಡುವವರಿಗೂ ಕಾಣಲೆಂದು ದೊಡ್ಡ ಟಿವಿ ಬಂತು. ಕೆಳಗಿನವರು ಕತ್ತೆತ್ತಿದರೆ, ಎದುರಿನವರು ತಲೆ ತಿರುಗಿಸಿದರೆ ಆಟ ಕಾಣಬೇಕು. ವೇದಿಕೆ ಹತ್ತಿ ನಿಂತಾಗ, ಎದೆಯವರೆಗೆ ಬರುತ್ತಿದ್ದ ರೇಲಿಂಗ್ ತೊಡೆಗಿಂತ ಸ್ವಲ್ಪ ಮೇಲೆ ನಿಂತಿತು. ನಾಲ್ಕನೇ ಪ್ಯಾಡ್‌ಗಂತೂ ಅದು ಕೈಗೆಟಕುವಷ್ಟು ಹತ್ತಿರ.

"ಗಾಜು ಗಟ್ಟಿ ಉಂಟು, ಹೆದರ್ಬೇಡ" ಎಂದರು.

"ಗಟ್ಟಿ ಇದೆ ಅಣ್ಣ. ಎತ್ತರ ಇಲ್ಲ."

"ಎತ್ತರ ಮಾಡಿದ್ರೆ ಕೆಳಗಿನವರಿಗೆ ಎಂಥ ಕಾಣ್ತದೆ ಮಾರಾಯ್ತಿ?"

ಹಾಗಾದರೆ ಪ್ಯಾಡ್‌ಗೊಬ್ಬ ಆಳು ಕೊಡಿ ಎಂದೆ. ಅವರಿಗೆ ಅದು ತಮಾಷೆಯಾಗಿ ಕಂಡಿತು. "ಒಬ್ಬ ವೇಟರ್ ನಾಲ್ಕು ಟೇಬಲ್ ನೋಡುದಿಲ್ವಾ?"

"ಟೇಬಲ್‌ನಲ್ಲಿ ಕೂತವರು ಕಣ್ಣು ಕಟ್ಟಿಕೊಂಡು ಓಡೋದಿಲ್ಲ."

"ಬಿಲ್ ಬಂದಾಗ ಓಡುವವರೂ ಉಂಟು" ಎಂದು ನಕ್ಕರು. ಕೊನೆಗೆ ಒಂದು ಮಾತಿಗೆ ಒಪ್ಪಿದರು: ಇನ್ನೊಬ್ಬ ಆಳು ಸಿಗುವವರೆಗೆ ನಾಲ್ಕನೇ ಪ್ಯಾಡ್‌ಗೆ ಯಾರೂ ಹತ್ತದಂತೆ ಹಗ್ಗ ಕಟ್ಟಿಡುವುದು.

ಉಳಿದ ಮೂರನ್ನು ನೋಡಿಕೊಳ್ಳುತ್ತಿದ್ದವನು ಬಸವರಾಜ. ವಿಜಯಪುರ ಜಿಲ್ಲೆಯವನು, ಮೂವತ್ತರ ಆಸುಪಾಸು. ಬಿಲ್ಡಿಂಗ್‌ಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಿದ್ದ. ಹೆಡ್‌ಸೆಟ್ ಹಾಕಿದವರ ಹಿಂದೆ ಎರಡೂ ಕೈ ಚಾಚಿ, ಕೋಳಿ ಹಿಡಿಯುವವನ ಹಾಗೆ ಸರಿದಾಡುತ್ತಿದ್ದ. ನೋಡುವವರಿಗೆ ಅದೂ ಒಂದು ಮಜಾ.

ಸುಧಾಕರಣ್ಣನ ಲೆಕ್ಕಾಚಾರ ಸರಿಯಾಗಿತ್ತು. ಜನ ಬಂದರು. ಹೆಚ್ಚಿನವರಿಗೆ ಬೇಕಾಗಿದ್ದುದು ಎತ್ತರದ ಕಟ್ಟಡದಿಂದ ಚಾಚಿದ ಹಲಗೆಯ ಮೇಲೆ ನಡೆಯುವ ಆಟ. ಒಬ್ಬರು ನಡುಗುತ್ತಾ ನಡೆಯುವಾಗ ಮನೆಮಂದಿಯೆಲ್ಲ ಕೂಗಿ, ನಕ್ಕು, ವಿಡಿಯೋ ಮಾಡುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಒಬ್ಬರ ಆಟವಾಗಿದ್ದುದು ಇಲ್ಲಿ ಇಡೀ ಕುಟುಂಬದ ಆಟವಾಯಿತು. ವಿಆರ್ ಓಡದಿರಲು ಏನು ಕಾರಣ ಎಂದು ನಾನು ಓದಿಕೊಂಡಿದ್ದನ್ನೆಲ್ಲ ದೋಸೆಕಲ್ಲಿನ ಒಂದು ಮಾತು ಹೊಡೆದುಹಾಕಿತ್ತು.

ದೀಪಾವಳಿ ರಜೆಯ ಒಂದು ಭಾನುವಾರ ಮಧ್ಯಾಹ್ನ. ವೆರಾಂಡ ತುಂಬಿತ್ತು. ಮುಂಬಯಿಯ ಹೋಟೆಲುಗಳಲ್ಲಿ ಉಣ್ಣುವವರ ಕುರ್ಚಿಯ ಹಿಂದೆಯೇ ಮುಂದಿನವರು ನಿಂತಿರುತ್ತಾರಲ್ಲ, ಹಾಗೆ ವೇದಿಕೆಗೆ ಒತ್ತಿಕೊಂಡು ಜನ ನಿಂತಿದ್ದರು. ಸುಧಾಕರಣ್ಣ ನೇರವಾಗಿ ನಾಲ್ಕನೇ ಪ್ಯಾಡ್‌ಗೆ ಹೋಗಿ ಹಗ್ಗ ಬಿಚ್ಚಿದರು.

"ಅಣ್ಣ, ಬೇಡ. ಈಗ ಬಿಸಿಲು ನೇರ ಅಲ್ಲಿಗೇ ಬೀಳ್ತಿದೆ."

"ಇಷ್ಟು ಜನ ನಿಂತಿರುವಾಗ ಟೇಬಲ್ ಖಾಲಿ ಇಡುದಾ? ಇದೊಂದು ಸರ್ತಿ."

ನಾನು ಜನರ ನಡುವೆ ನುಗ್ಗಿ ಹತ್ತಿರ ಹೋಗುವಷ್ಟರಲ್ಲಿ ಹೇತಲ್ ಬೆನ್ ಎಂಬ ಗುಜರಾತಿ ಗೃಹಿಣಿ ಮೇಲೆ ಹತ್ತಿದ್ದರು, ಅಣ್ಣನೇ ಅವರಿಗೆ ಹೆಡ್‌ಸೆಟ್ ಹಾಕುತ್ತಿದ್ದರು. ಗಂಡ, ನಾದಿನಿ, ಕಾಲೇಜಿಗೆ ಹೋಗುವ ಮಗಳು ವೇದಿಕೆಯ ಕೆಳಗೆ ನಿಂತಿದ್ದರು. ಬಸವರಾಜ ಎರಡನೇ ಪ್ಯಾಡ್‌ನಲ್ಲಿ ಒಬ್ಬರ ಹೆಡ್‌ಸೆಟ್ಟಿನ ಪಟ್ಟಿ ಬಿಗಿಮಾಡುತ್ತಿದ್ದ. ಹೇತಲ್ ಬೆನ್ ಹಲಗೆಯ ಮೇಲೆ ಹೆಜ್ಜೆ ಇಟ್ಟರು. ಎಲ್ಲರೂ ನಕ್ಕರು. ಆ ಆಟದಲ್ಲಿ ಹಲಗೆಯ ನಡುವಿಗೆ ಬಂದಾಗ ಬೆನ್ನ ಹಿಂದೆ ದೊಡ್ಡದೊಂದು ಜೇಡ ಕಾಣಿಸಿಕೊಳ್ಳುತ್ತದೆ. ಅವರು ತಿರುಗಿ ನೋಡಿದರು.

"ಭಾಗ್ ಮಮ್ಮಿ, ಭಾಗ್" ಎಂದು ಮಗಳು ಕೂಗಿದಳು.

ಅವರು ಓಡಿದರು. ಬಲೆ ಮೂಡಬೇಕಾದ ಜಾಗದಲ್ಲಿ ಮೂಡಲಿಲ್ಲ. ಗಾಜು ತೊಡೆಗೆ ಬಡಿಯಿತು, ಸೊಂಟದಿಂದ ಮೇಲಿನ ದೇಹ ಆಚೆಗೆ ಹೋಯಿತು, ಕಾಲುಗಳು ವೇದಿಕೆ ಬಿಟ್ಟು ಎದ್ದವು. ಬಸವರಾಜ ಹೇಗೆ ಬಂದನೋ ನಾನು ನೋಡಲಿಲ್ಲ. ನೋಡಿದಾಗ ಅವನ ಬಲಗೈ ಅವರ ತೋಳು ಹಿಡಿದಿತ್ತು, ಅವನ ಭುಜ ರೇಲಿಂಗ್‌ನ ಅಂಚಿಗೆ ಸಿಕ್ಕಿತ್ತು, ಅವರ ಇಡೀ ಭಾರ ಆ ಭುಜದ ಮೇಲಿತ್ತು. ಒಂದು ಸದ್ದು ಕೇಳಿಸಿತು. ಒದ್ದೆ ಬಟ್ಟೆ ಹರಿದಂತೆ. ಅವರ ಕಾಲು ತಬ್ಬಿ ಹಿಡಿದಾಗ ನನಗೆ ಕೆಳಗೆ ಕಂಡಿದ್ದು, ಪ್ರದರ್ಶನಕ್ಕಿಟ್ಟಿದ್ದ ಒಂದು ಕೆಂಪು ಕಾರು ಮತ್ತು ಅದರ ಸುತ್ತ ಮೇಲೆತ್ತಿದ ಮುಖಗಳು.

ಎಳೆದು ಒಳಗೆ ಹಾಕಿದಾಗ ಹೇತಲ್ ಬೆನ್ ನಗುತ್ತಿದ್ದರು. ಹೆಡ್‌ಸೆಟ್ ಇನ್ನೂ ಕಣ್ಣ ಮೇಲಿತ್ತು. ಬಿದ್ದದ್ದು, ತೇಲಿದ್ದು, ಯಾರೋ ಹಿಡಿದದ್ದು ಎಲ್ಲ ಆಟವೇ ಎಂದುಕೊಂಡಿದ್ದರು. "ಖತಮ್ ಹೋ ಗಯಾ?" ಆಟ ಮುಗಿಯಿತೇ ಎಂದು ಕೇಳಿದರು. ಎದುರಿನ ವೆರಾಂಡದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಹೆಡ್‌ಸೆಟ್ ತೆಗೆದೆ. ಅವರು ರೇಲಿಂಗ್ ನೋಡಿದರು, ತಮ್ಮ ಒಂದು ಚಪ್ಪಲಿ ಇಲ್ಲದ್ದನ್ನು ನೋಡಿದರು. ಆಮೇಲೆ ನನ್ನ ಕುರ್ತಾದ ತುದಿ ಹಿಡಿದುಕೊಂಡು ಕೂತರು; ಗಂಡ ಬಂದು ಬೆರಳು ಬಿಡಿಸಬೇಕಾಯಿತು.

ಸುಧಾಕರಣ್ಣ ಬಸವರಾಜನನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು, ಖರ್ಚೆಲ್ಲ ತಾವೇ ನೋಡಿಕೊಂಡರು. ಭುಜದ ಸ್ನಾಯು ಹರಿದಿದೆ, ಮೊದಲಿನಂತಾಗುವುದು ಅನುಮಾನ ಎಂದರು ಡಾಕ್ಟರು. "ಎಲ್ಲವನ್ನೂ ಒಳಗೆ ಹಾಕುವ, ವಿದ್ಯಾ. ನಂಗೆ ಇದು ಬೇಡ" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರೇ ಹೇಳಿದರು. ಆ ಹೊತ್ತಿಗೆ ಅವರು ಅದನ್ನು ಮನಸಾರೆ ಹೇಳಿದರು ಎಂದು ಈಗಲೂ ನಂಬುತ್ತೇನೆ.

ಅಷ್ಟರಲ್ಲಿ ಎದುರಿನ ವೆರಾಂಡದಿಂದ ಯಾರೋ ತೆಗೆದ ವಿಡಿಯೋ ಎಲ್ಲರ ಫೋನಿಗೂ ಹೋಗಿತ್ತು. ಮುಂದಿನ ಶನಿವಾರ ಲಿಫ್ಟ್‌ನಿಂದ ಇಳಿದವರೆಲ್ಲ ಕೇಳಿದ್ದು ಒಂದೇ: ಆ ಬೀಳುವ ಆಟ ಎಲ್ಲಿದೆ? ಹೇತಲ್ ಬೆನ್ ಮನೆಯವರು ದೂರು ಕೊಡಲಿಲ್ಲ, ಈ ಜಾಗದ ಹೆಸರೇ ಬೇಡ ಎಂದುಬಿಟ್ಟರು. ಮಾಲ್‌ನವರು ಬಂದು ನೋಡಿ, ರೇಲಿಂಗ್‌ನ ಮೇಲಕ್ಕೆ ಒಂದು ಬಲೆ ಕಟ್ಟಿ ಎಂದರು. ನೋಟಕ್ಕೆ ಅಡ್ಡಬಾರದ ತೆಳ್ಳನೆಯ ಬಲೆಯೊಂದು ಬಂತು. ಬೆರಳಿನಿಂದ ಎಳೆದರೆ ಅದರ ಕೊಕ್ಕೆ ಬಾಗುತ್ತಿತ್ತು. ಪ್ಯಾಡ್‌ಗಳು ಇದ್ದಲ್ಲಿಯೇ ಉಳಿದವು.

ಪೂರ್ತಿ ವಾಸಿಯಾಗುವ ಮೊದಲೇ ಬಸವರಾಜ ಕೆಲಸಕ್ಕೆ ಬಂದ. ಅವನನ್ನು ನಾಲ್ಕನೇ ಪ್ಯಾಡ್‌ನ ಬಳಿ ನಿಲ್ಲಿಸಿದರು. ಹಿಡಿದವನು ಇವನೇ ಎಂದು ಜನ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು.

"ಕೈ ಹೇಗಿದೆ ಬಸವರಾಜ್?"

"ಭುಜದ ಮ್ಯಾಲೆ ಏಳೂದಿಲ್ರಿ ಮ್ಯಾಡಮ್."

"ಮತ್ತೆ ಯಾಕೆ ಬಂದ್ರಿ?"

"ಸೆಂಟ್ರಿಂಗ್ ಕೆಲಸ ಇನ್ನ ಮುಗೀತಲ್ರಿ. ಇಲ್ಲಿ ಬರೇ ನಿಂತ್ರ ಸಾಕು ಅಂದಾರ ಸಾಹೇಬ್ರು. ಫೋಟೋಕ್ಕ ಕೈ ಎತ್ತೂದು ಏನ್ ಬೇಕ್ರಿ."

ಸುಧಾಕರಣ್ಣನ ಬಳಿ ಹೋಗಿ ಜಗಳವಾಡಿದೆ. "ಅವನಿಗೆ ಕೆಲಸ ಕೊಟ್ಟದ್ದೂ ತಪ್ಪಾ?" ಎಂದರು. ನಾನು ಕೆಲಸ ಬಿಡುತ್ತೇನೆ ಎಂದಾಗ ಅವರ ಮುಖದಲ್ಲಿ ನಿಜವಾದ ಬೇಸರ ಕಂಡಿತು.

ಆಮೇಲೆ ನಾನು ಬೇರೆ ಕಡೆ ಆಫೀಸ್ ಕೆಲಸ ಹಿಡಿದೆ. ಲೋಕಲ್ ರೈಲಿನ ಬಾಗಿಲಲ್ಲಿ ಯಾರಾದರೂ ಹೊರಗೆ ಬಾಗಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಆ ಮಧ್ಯಾಹ್ನ ತಲೆಯೊಳಗೆ ಮತ್ತೆ ಮತ್ತೆ ನಡೆಯುತ್ತದೆ. ಹಲವು ಸಲ ಬಸವರಾಜನಿಗೆ ಆ ಪಟ್ಟಿ ಬಿಗಿಮಾಡುವುದು ಮುಗಿದಿರುವುದಿಲ್ಲ, ಅವನು ಬಂದು ತಲುಪುವುದಿಲ್ಲ.

ಗೇಮ್ ಝೋನ್‌ನಲ್ಲಿ ನನ್ನ ಕೊನೆಯ ದಿನ ಒಬ್ಬ ಯುವಕ ನಾಲ್ಕನೇ ಪ್ಯಾಡ್ ಹತ್ತಿ ಹೆಡ್‌ಸೆಟ್ ಹಾಕಿಕೊಂಡ. ಅವನ ಹೆಂಡತಿ ನನ್ನತ್ತ ತಿರುಗಿ, ಬಿದ್ದರೆ ಇವರು ಹಿಡಿಯುತ್ತಾರಲ್ಲ ಎಂದು ಹಿಂದಿಯಲ್ಲಿ ಕೇಳಿದಳು. ಬಸವರಾಜ ನೆಲ ನೋಡಿದ. ಇಲ್ಲ, ಅವರ ಕೈಗೆ ಆಗುವುದಿಲ್ಲ ಎಂದೆ. ಅವಳು ಗಂಡನ ಶರ್ಟ್ ಹಿಡಿದು ಕೆಳಗಿಳಿಸಿದಳು. ಅಪಾಯವನ್ನು ಸ್ಪಷ್ಟವಾಗಿ ತಿಳಿಸಿದರೆ ಜನ ಹಿಂದೆ ಸರಿಯುತ್ತಾರೆ ಎಂದು ನಂಬಿ ನಾನು ಅಷ್ಟೂ ವರ್ಷ ಎಚ್ಚರಿಕೆಯ ಬೋರ್ಡುಗಳನ್ನು ಬರೆಸಿದ್ದೆ. ಸರಿದವರು ಅವರಿಬ್ಬರೇ. ಹಿಂದೆ ನಿಂತಿದ್ದ ಕುಟುಂಬಕ್ಕೂ ನನ್ನ ಮಾತು ಚೆನ್ನಾಗಿ ಕೇಳಿಸಿತ್ತು. ತಮ್ಮ ಪಾಳಿ ಬೇಗ ಬಂತೆಂದು ಅವರು ನಗುತ್ತಾ ವೇದಿಕೆ ಹತ್ತಿದರು.