ವಾಸನೆ ಹುಡುಕಿಕೊಂಡು ಕೃಷ್ಣಗಿರಿಗೆ

ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊಸೂರಿನ ಪಕ್ಕದ ನಮ್ಮೂರು ಬಾಗಲೂರನ್ನು ಬಿಟ್ಟೆವು. ನಾನು, ನನ್ನ ಹೆಂಡತಿ ಸರೋಜ, ನಮ್ಮ ಹಳೆಯ ಬೈಕು. ಮುಂದೆ ಹೋಗುತ್ತಿದ್ದ ಕಂಪನಿ ಬಸ್ಸಿನ ಹಿಂದಿನ ದೀಪ ಬಿಟ್ಟರೆ ಬೇರೇನೂ ಕಾಣದಷ್ಟು ಮಂಜು. ಹೊಸೂರಿನಲ್ಲಿ ಮುನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ರಾಯಕೋಟೆ ರಸ್ತೆ ಹಿಡಿದೆವು.

ತಿನ್ನುವುದಕ್ಕಾಗಿಯೇ ಊರೂರು ಸುತ್ತುವುದು ನಮ್ಮಿಬ್ಬರ ಚಟ. ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಓಡಿಸುವವನು. ರಜೆ ಬಂತೆಂದರೆ ಎಲ್ಲಿ ಏನು ಚೆನ್ನಾಗಿ ಮಾಡುತ್ತಾರೆ ಎಂದು ವಿಚಾರಿಸಿಕೊಂಡು ಹೊರಟುಬಿಡುತ್ತೇವೆ. ಇಪ್ಪತ್ತೆರಡು ವರ್ಷಗಳಿಂದ ಇದು ನಡೆದಿದೆ. ಸರೋಜ ನನ್ನ ಸೋದರತ್ತೆಯ ಮಗಳು. ಲಂಗ ಹಾಕುತ್ತಿದ್ದ ಕಾಲದಿಂದ ನನ್ನನ್ನು ಮಾವ ಎನ್ನುತ್ತಿದ್ದವಳು, ಈಗಲೂ ಹಾಗೆಯೇ ಕರೆಯುತ್ತಾಳೆ. ಹೋಟೆಲಿನಲ್ಲಿ ಅವಳದೊಂದು ಪದ್ಧತಿಯಿತ್ತು. ತಟ್ಟೆ ಬಂದ ಕೂಡಲೇ ಕೈ ಹಾಕುತ್ತಿರಲಿಲ್ಲ. ಕಣ್ಣು ಮುಚ್ಚಿ, ಬಾಗಿ, ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು, "ಮೆಣಸು ಹುರ್ದಿಲ್ಲ ಮಾವ, ಹಸೀದೇ ಕುಟ್ಟವ್ರೆ. ಚಕ್ಕೆ ಒಂಚೂರು ಜಾಸ್ತಿ" ಎಂದು ತೀರ್ಪು ಕೊಡುತ್ತಿದ್ದಳು. ಮುಂದಿನ ವಾರ ಅದೇ ಸಾರು ನಮ್ಮ ಮನೆಯಲ್ಲಿ ಕುದಿಯುತ್ತಿತ್ತು. ಅಡುಗೆಯವರನ್ನು ಒಂದು ದಿನವೂ ಕೇಳಿದವಳಲ್ಲ. ಆ ಮೂಗನ್ನು ನಂಬಿಯೇ ಊರಿನ ಇಪ್ಪತ್ತು ಮೂವತ್ತು ಮನೆಯವರು ಅವಳ ಹತ್ತಿರ ಹುಳಿಪುಡಿ ಮಾಡಿಸಿಕೊಳ್ಳುತ್ತಿದ್ದರು.

ಹೋದ ಆಷಾಢದಲ್ಲಿ ಅವಳಿಗೆ ಜ್ವರ ಬಂತು. ನಾಲ್ಕೇ ದಿನಕ್ಕೆ ಬಿಟ್ಟಿತು, ಆದರೆ ಹೋಗುವಾಗ ವಾಸನೆಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಒಂದು ದಿನ ಕೊತ್ತಂಬರಿ ಬೀಜವನ್ನು ಬಾಣಲೆಗೆ ಹಾಕಿ, ಒಲೆಗೆ ಬೆನ್ನು ಕೊಟ್ಟು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳಂತೆ. ಸೀದ ವಾಸನೆಗೆ ಪಕ್ಕದ ಮನೆಯಾಕೆ ಓಡಿಬಂದು ಒಲೆ ಆರಿಸಿದಳು. ಅದೇ ಕೋಣೆಯಲ್ಲಿದ್ದ ಸರೋಜಳಿಗೆ ಗೊತ್ತೇ ಆಗಿರಲಿಲ್ಲ. ನಾನು ಡ್ಯೂಟಿ ಮುಗಿಸಿ ಬಂದಾಗ ಕರಕಲಾದ ಬೀಜವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಅವತ್ತಿಗೆ ಪುಡಿ ಮಾಡುವುದನ್ನು ಬಿಟ್ಟಳು.

ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಲವಂಗ, ಕಾಫಿಪುಡಿ, ಏಲಕ್ಕಿ, ಒಣಗಿದ ನಿಂಬೆ ಸಿಪ್ಪೆ, ಇವನ್ನು ನಾಲ್ಕು ಡಬ್ಬಿಯಲ್ಲಿಟ್ಟುಕೊಂಡು ದಿನಾ ಮೂಸಿ ನೋಡಲು ಹೇಳಿದರು. ಸರೋಜ ಐದು ತಿಂಗಳು ಬಿಡದೆ ಮೂಸಿದಳು. ಆಮೇಲೆ ಒಂದು ದಿನ ಡಬ್ಬಿಗಳನ್ನು ಅಟ್ಟಕ್ಕೆ ಎಸೆದಳು. ಈ ಪ್ರಯಾಣಕ್ಕೆ ಒಪ್ಪಿದ್ದೂ ಒಂದು ಷರತ್ತಿನ ಮೇಲೆ.

"ಇದೊಂದ್ ದಿನ ಬತ್ತೀನಿ. ಇವತ್ತೂ ಏನೂ ತಿಳೀಲಿಲ್ಲ ಅಂದ್ರೆ ಡಬ್ಬಿಗಳ್ನ ತಿಪ್ಪೆಗೆ ಹಾಕ್ಬುಡ್ತೀನಿ. ಆಮೇಲೆ ‘ವಾಸ್ನೆ ಬಂತಾ’ ಅಂತ ನೀನು ಬಾಯಿ ಬಿಡಂಗಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು.

ಹೊರಡುವಾಗ ಇನ್ನೊಂದು ನಡೆಯಿತು. ನನಗೊಂದು ಕಾರ್ಖಾನೆಯ ಜರ್ಕಿನ್ ಇದೆ. ಮೆಷಿನ್ನಿನ ಎಣ್ಣೆ ಕುಡಿದು ಕುಡಿದು ಅದು ಎಷ್ಟು ಒಗೆದರೂ ಗಬ್ಬು ನಾರುತ್ತದೆ. ಮದುವೆಯಾದ ಹೊಸದರಲ್ಲೇ ಸರೋಜ ಬಾಗಿಲ ಹೊರಗೆ ಒಂದು ಮೊಳೆ ಹೊಡೆಸಿದ್ದಳು. ಡ್ಯೂಟಿಯ ಬಟ್ಟೆ ಏನಿದ್ದರೂ ಅಲ್ಲೇ, ಹೊಸಿಲು ದಾಟುವಂತಿಲ್ಲ. ಜ್ವರ ಬಂದ ಮೇಲೆ ಆ ಕಟ್ಟಳೆ ತಾನಾಗಿಯೇ ಸಡಿಲವಾಗಿ, ಜರ್ಕಿನ್ ಒಳಗೆ ಕುರ್ಚಿಯ ಮೇಲೆ ಬೀಳತೊಡಗಿತ್ತು. ಅವತ್ತು ಬೆಳಿಗ್ಗೆ, ವಾಪಸು ಬರುವಾಗ ಚಳಿಗೆ ಬೇಕಾದೀತೆಂದು, ಅವಳೇ ಅದನ್ನು ಮಡಿಸಿ ಬ್ಯಾಗಿನಲ್ಲಿ ಹುರಿಗಾಳಿನ ಪೊಟ್ಟಣದ ಪಕ್ಕ ಇಟ್ಟಳು. ಹಿಂದೆಯಾಗಿದ್ದರೆ ಬ್ಯಾಗನ್ನೇ ಹೊರಗೆ ಎಸೆಯುತ್ತಿದ್ದಳು. ನಾನು ಬ್ಯಾಗನ್ನು ಎತ್ತಿ ಬೈಕಿಗೆ ಕಟ್ಟಿದೆ.

ಉದ್ದನಪಲ್ಲಿಯಲ್ಲಿ ರಸ್ತೆ ಪಕ್ಕದ ತಗಡಿನ ಅಂಗಡಿಯಲ್ಲಿ ಇಡ್ಲಿ ತಿಂದೆವು. ಮಲ್ಲಿಗೆಯಂಥ ಇಡ್ಲಿ, ಕಡಲೆಕಾಯಿ ಚಟ್ನಿ. ಅಂಗಡಿಯ ಹೆಂಗಸು ಒಬ್ಬ ಗಿರಾಕಿಗೆ ತಮಿಳು, ಇನ್ನೊಬ್ಬನಿಗೆ ತೆಲುಗು, ನಮಗೆ ಕನ್ನಡ ಬಡಿಸುತ್ತಿದ್ದಳು. "ಅಕ್ಕ, ಚಟ್ನಿ ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಾಗ ಸರೋಜ ಹಾಕಿಸಿಕೊಂಡಳು. ಅಷ್ಟರಲ್ಲಿ ನಾನು ಕೇಳಿಯೇಬಿಟ್ಟೆ: "ಬಂತಾ?"

"ಖಾರ ಐತೆ. ಉಪ್ಪೈತೆ. ಬೆಚ್ಗೈತೆ" ಎಂದಳು.

ರಾಯಕೋಟೆ ತಲುಪುವ ಹೊತ್ತಿಗೆ ಮಂಜು ಕರಗಿ ಕೋಟೆಯ ಗುಡ್ಡ ನೆತ್ತಿಯವರೆಗೂ ಕಾಣುತ್ತಿತ್ತು. ಹೊಸೂರಿನಿಂದ ಸುಮಾರು ಮೂವತ್ತು ಕಿಲೋಮೀಟರ್. ಟೊಮೆಟೊ ಮಂಡಿಯಲ್ಲಿ ಲಾರಿಗೆ ಕ್ರೇಟು ಏರಿಸುತ್ತಿದ್ದರು. ನಾನು ಕೆಳಗೆ ಬಿದ್ದಿದ್ದ ಒಂದು ಎಲೆ ಹಿಸುಕಿ ಅವಳ ಮೂಗಿಗೆ ಹಿಡಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಊರೆಲ್ಲ ಸುತ್ತಿ, ಹನ್ನೆರಡಾದ ಮೇಲೆ ಊಟಕ್ಕೆ ಬಸ್ ನಿಲ್ದಾಣದ ಹಿಂದಿನ ಮೆಸ್ಸಿಗೆ ಹೋದೆವು. ರಾಗಿಮುದ್ದೆ, ಅವರೆಕಾಳಿನ ಹುಳಿ. ಸೊಗಡು ಬೀದಿಗೇ ಹಬ್ಬಿತ್ತು. ನಾನು ಮುದ್ದೆ ಮುರಿಯುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ.

"ಸೊಗಡಾದ್ರೂ ತಿಳೀತಾ? ಇನ್ನೊಂದ್ಸಲ ಎಳ್ಕೊ. ಕಣ್ಣು ಮುಚ್ಕೊಂಡು ನೋಡೇ."

ಸರೋಜ ಕೈ ಹಿಂದಕ್ಕೆ ತೆಗೆದಳು. "ಮಾವ, ನೀನು ಬಂದಿರಾದು ನನ್ ಜೊತೇಲಾ, ನನ್ ಮೂಗಿನ್ ಜೊತೇಲಾ? ಬೆಳಗಿಂದ ಒಂದ್ ಮಾತಾದ್ರೂ ಬೇರೆ ಆಡಿದ್ದೀಯಾ?"

ಮೆಸ್ಸಿನಲ್ಲಿ ಇನ್ನೂ ನಾಲ್ಕು ಜನ ಇದ್ದರು. ನನಗೆ ನಾಚಿಕೆಯಾಯಿತು. ಅವಳು ಹೇಳಿದ್ದು ನಿಜ. ಅವಳಿಗೆ ಬೇಕೆಂದು ಹೊರಟೆ ಎಂದುಕೊಂಡಿದ್ದೆ. ಆದರೆ ಹಳೆಯ ಸರೋಜ ಬೇಕೆಂದು ಹಟ ಹಿಡಿದವನು ನಾನೇ. ಎದುರಿಗೆ ಕೂತ ಈ ಸರೋಜ ಆರು ತಿಂಗಳಿಂದ ರುಚಿಯಿಲ್ಲದ ಊಟ ಮಾಡುತ್ತಾ, ನನಗೆ ಮಾತ್ರ ದಿನಾ ಮೂರು ಹೊತ್ತು ಅಡುಗೆ ಮಾಡಿ ಹಾಕಿದ್ದಳು. ಇನ್ನು ಕೇಳುವುದಿಲ್ಲ ಎಂದೆ. "ಕೇಳಿದ್ರೆ ಹೊಸೂರಿಗೆ ಬಸ್ಸತ್ತೀನಿ" ಎಂದಳು, ಮುದ್ದೆಯನ್ನು ಮತ್ತೆ ಹತ್ತಿರ ಎಳೆದುಕೊಂಡು.

ಅಲ್ಲಿಂದ ಕೃಷ್ಣಗಿರಿಗೆ ಹೋಗುವ ದಾರಿಯಲ್ಲಿ ಎರಡೂ ಕಡೆ ಮಾವಿನ ತೋಪು. ಹೂ ಬಿಟ್ಟು ಮರಗಳು ಹಳದಿಯಾಗಿದ್ದವು. ಆ ಹೂವಿನ ಘಮ ಗಾಳಿಯ ತುಂಬ ಇತ್ತು. ನಾನು ಅದನ್ನು ಎಳೆದುಕೊಂಡೆ, ಬಾಯಿ ಬಿಡಲಿಲ್ಲ. ಬಚ್ಚಿಟ್ಟುಕೊಂಡು ಒಬ್ಬನೇ ತಿಂದಂತಾಯಿತು. ಹಿಂದೆ ಕೂತಿದ್ದ ಸರೋಜ ತಾನಾಗಿಯೇ ಹೇಳಿದಳು: "ಹೂವು ಜೋರಾಗೈತೆ ಈ ವರ್ಷ. ಘಮ ಹೆಂಗೈತೆ ಮಾವ?"

"ಐತೆ" ಎಂದೆ.

"ಐತೆ ಅಂದ್ರೆ? ಸರಿಯಾಗಿ ಹೇಳು."

ನಾನು ಹೇಳತೊಡಗಿದೆ. ಜೇನಿನ ಹಾಗೆ, ಜೊತೆಗೆ ಸ್ವಲ್ಪ ಒಗರು, ಬಿಸಿಲಿಗೆ ಇಟ್ಟ ಬೆಲ್ಲದ ಹಾಗೆ. ಅವಳು "ಹೂಂ, ಹೂಂ" ಎನ್ನುತ್ತಾ ಬಂದಳು. ಇಪ್ಪತ್ತೆರಡು ವರ್ಷ ಅವಳು ಹೇಳಿದ್ದಳು, ನಾನು ಕೇಳಿದ್ದೆ. ಹೇಳುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು.

ಕೃಷ್ಣಗಿರಿ ಅಣೆಕಟ್ಟಿನ ಹತ್ತಿರ ಸಾಲಾಗಿ ಮೀನು ಕರಿಯುವ ಅಂಗಡಿಗಳಿವೆ. ಕೆಂಪು ಮಸಾಲೆ ಹಚ್ಚಿಟ್ಟ ಮೀನುಗಳಲ್ಲಿ ನಾವು ತೋರಿಸಿದ್ದನ್ನು ಕಾದ ಎಣ್ಣೆಗೆ ಬಿಟ್ಟರು. ನೀರಿನ ಕಡೆ ಮುಖ ಮಾಡಿ ಕಲ್ಲಿನ ಮೇಲೆ ಕೂತು ಎರಡು ತಟ್ಟೆ ತಿಂದೆವು. ಸರೋಜ ಮುಳ್ಳು ಬಿಡಿಸಿ ನನ್ನ ಕಡೆ ತಳ್ಳುತ್ತಿದ್ದಳು. "ಅಂಚು ಗರಿಗರಿ ಬಂದೈತೆ. ಅಕ್ಕಿಹಿಟ್ಟು ಹಾಕವ್ರೆ" ಎಂದು ಹಲ್ಲಿನಿಂದಲೇ ಕಂಡುಹಿಡಿದಳು. ಮೂಗಿನ ಮಾತು ಇಬ್ಬರೂ ಎತ್ತಲಿಲ್ಲ. ಬಹಳ ದಿನದ ಮೇಲೆ ನಮ್ಮ ಊಟ ಊಟದಂತೆ ನಡೆಯಿತು. ಡಬ್ಬಿಗಳು ತಿಪ್ಪೆಗೆ ಹೋಗುವುದೇ ಸೈ ಎಂದು ನಾನೂ ಮನಸ್ಸಿನಲ್ಲೇ ಒಪ್ಪಿಕೊಂಡೆ.

ನಾಲ್ಕು ಗಂಟೆಗೆ ಹೆದ್ದಾರಿ ಹಿಡಿದು ಹೊಸೂರಿನ ಕಡೆ ತಿರುಗಿದೆವು. ಶೂಳಗಿರಿ ದಾಟುವಾಗ ಬಿಸಿಲು ಇಳಿದು ಗಾಳಿ ಚಳಿಯಾಯಿತು. ಬೆನ್ನಿಗೆ ಒರಗಿದ್ದ ಸರೋಜ ನಡುಗುವುದು ತಿಳಿದು ಬೈಕು ನಿಲ್ಲಿಸಿ, ಬ್ಯಾಗಿನಿಂದ ಜರ್ಕಿನ್ ತೆಗೆದು ಅವಳಿಗೆ ಹಾಕಿದೆ. ತೋಳು ಉದ್ದವಾಗಿ ಕೈ ಮುಚ್ಚಿಹೋಯಿತು. ಕತ್ತಿನವರೆಗೂ ಜಿಪ್ ಎಳೆದುಕೊಂಡು, ಮುಖವನ್ನು ಕಾಲರಿನೊಳಗೆ ಹುದುಗಿಸಿ ಕೂತಳು.

ನಾಲ್ಕೈದು ಕಿಲೋಮೀಟರ್ ಹೋಗಿರಬೇಕು. ಬೆನ್ನಿಗೆ ಒಂದು ಗುದ್ದು ಬಿತ್ತು.

"ಥೂ! ಏನ್ ಮಾವ ಇದು, ಎಣ್ಣೆ ಗಬ್ಬು! ತಿನ್ನೋ ಬ್ಯಾಗ್ನಾಗೆ ಇದ್ನ ಯಾರು ತುರ್ಕಿದ್ದು?"

"ನೀನೇ ಕಣೇ" ಎಂದೆ. ಎಂದ ಮೇಲೆ ಅರ್ಥವಾಯಿತು.

ಬೈಕು ಪಕ್ಕಕ್ಕೆ ನಿಂತಿತು. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಸರೋಜ ಇಳಿದು ನಿಂತು ಉದ್ದನೆಯ ತೋಳನ್ನು ಎರಡೂ ಕೈಯಲ್ಲಿ ಮೂಗಿಗೆ ಒತ್ತಿಕೊಂಡಳು. ಒಮ್ಮೆ ಎಳೆದಳು, ಮುಖ ಸಿಂಡರಿಸಿದಳು. ಮತ್ತೆ ಎಳೆದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನು ಏನೂ ಕೇಳಲಿಲ್ಲ, ಆದರೆ ನನ್ನ ಕಣ್ಣೂ ಮಂಜಾಗಿತ್ತು.

"ದೂರದಿಂದ ಬಂದಂಗೆ ಬತ್ತೈತೆ" ಎಂದಳು. "ಆದ್ರೆ ಇದೇ. ಇದೇ ದರಿದ್ರ ವಾಸ್ನೆ."

ಮನೆಗೆ ಬಂದವಳೇ ಸರೋಜ ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿಗಳನ್ನು ಇಳಿಸಿದಳು. ನಾಲ್ಕನ್ನೂ ಮೂಸಿದಳು. ಒಂದೂ ತಿಳಿಯಲಿಲ್ಲ. ಮುಚ್ಚಳ ಹಾಕಿ, ಧೂಳು ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಅವುಗಳ ಹಳೆಯ ಜಾಗದಲ್ಲಿ ಸಾಲಾಗಿ ಇಟ್ಟಳು. ಜರ್ಕಿನ್ ಕೈಯಲ್ಲಿ ಹಿಡಿದುಕೊಂಡು ನಾನು ಹೊಸಿಲ ಮೇಲೆ ನಿಂತಿದ್ದೆ.

"ಒಳಕ್ಕೆ ತಂದೀಯ, ಜ್ವಾಕೆ!" ಎಂದು ಅಲ್ಲಿಂದಲೇ ಗದರಿದಳು.

ನಾನು ಹಿಂದಕ್ಕೆ ಹೆಜ್ಜೆಯಿಟ್ಟು, ಅದನ್ನು ಹೊರಗಿನ ಮೊಳೆಗೆ ನೇತುಹಾಕಿದೆ.