ಗುಂಡಿಯಕ್ಕ ಅತ್ತ ದಿನ

ಬಸ್ ನಿಲ್ದಾಣದ ಎದುರಿನ ಅಂಗಡಿ ಸಾಲಿನಲ್ಲಿ ಹದಿನಾರು ವರ್ಷದಿಂದ ಅವಳ ಟೈಲರಿಂಗ್ ಅಂಗಡಿ. ಹೊಸ ಬಟ್ಟೆ ಹೊಲಿಸುವವರು ಈಗ ಎಲ್ಲಿದ್ದಾರೆ? ಬರುವುದೆಲ್ಲ ರಿಪೇರಿಯೇ. ಪ್ಯಾಂಟು ಗಿಡ್ಡ ಮಾಡಿ, ಜಿಪ್ಪು ಬದಲಿಸಿ, ಸೊಂಟದ ಹೊಲಿಗೆ ಬಿಚ್ಚಿ ಸ್ವಲ್ಪ ಅಗಲ ಮಾಡಿ. "ಯಾರ್ಯಾರು ಎಷ್ಟೆಷ್ಟು ತಿಂತಿದ್ದಾರೆ ಅನ್ನೋದು ಡಾಕ್ಟರಿಗಿಂತ ಮೊದಲು ನಂಗೆ ಗೊತ್ತಾಗತ್ತೆ" ಎಂದು ಅವಳು ನಗಾಡುತ್ತಿದ್ದಳು. ಒಳಗಿನ ಎರಡನೇ ಯಂತ್ರದಲ್ಲಿ ಅವಳ ನಾದಿನಿ ಕೂರುತ್ತಿದ್ದಳು. ಅತ್ತಿಗೆ ನಾದಿನಿ ಒಂದೇ ಸೂರಿನಡಿ ದಿನವಿಡೀ ಕತ್ತರಿ ಹಿಡಿದು ಕೂತರೂ ಜಗಳವಾಡುವುದಿಲ್ಲ ಎಂದು ಸಾಲಿನವರಿಗೆಲ್ಲ ಸೋಜಿಗ.

ಅವಳಿಗೆ ಗುಂಡಿಯಕ್ಕ ಎಂಬ ಹೆಸರು ಬಂದದ್ದು ಈ ವರ್ಷ, ಒಂದು ಧಾರಾವಾಹಿಯಿಂದ. ಪ್ರತಿ ಶುಕ್ರವಾರ ಸಂಜೆ ಏಳಕ್ಕೆ ಬರುತ್ತಿದ್ದ ಕೊಲೆಗಾರನ ಕಥೆ ಅದು. ಅದರಲ್ಲಿ ಒಬ್ಬ ಸರಣಿ ಹಂತಕ. ಕೊಂದವರ ಬಟ್ಟೆಯಿಂದ ಒಂದೊಂದು ಗುಂಡಿ ಕಿತ್ತು ತನ್ನ ಬೂದು ಬಣ್ಣದ ಉದ್ದ ಕೋಟಿಗೆ ಹೊಲಿದುಕೊಳ್ಳುವುದು ಅವನ ಚಾಳಿ. ಅವನ ಮುಖ ತೋರಿಸುವುದಿಲ್ಲ, ಕೋಟು ಮಾತ್ರ ತೋರಿಸುತ್ತಾರೆ. ಕಾಣೆಯಾದವಳ ಗುಂಡಿ ಕೋಟಿನ ಮೇಲೆ ಕಂಡಿತೆಂದರೆ ಅವಳ ಕಥೆ ಮುಗಿಯಿತೆಂದು ಅರ್ಥ. ಧಾರಾವಾಹಿಯ ಅಭಿಮಾನಿಗಳೆಲ್ಲ ಸೇರಿ ಫೋನಿನಲ್ಲಿ 'ಗುಂಡಿ ಬಳಗ' ಎಂಬ ಗುಂಪು ಕಟ್ಟಿಕೊಂಡಿದ್ದರು. "ಗುಂಡಿ ಸಿಕ್ತು" ಅಂದರೆ ಅವರ ಭಾಷೆಯಲ್ಲಿ ಒಂದು ಹೆಣ ಬಿತ್ತು.

ಎರಡನೇ ಕಂತಿನಲ್ಲಿಯೇ ಅವಳು ಒಂದು ಸಂಗತಿ ಗಮನಿಸಿದಳು. ಕಥೆಯಲ್ಲಿ ಬರುವ ಸಭ್ಯ ದಂತವೈದ್ಯನ ಅಂಗಿಯಲ್ಲಿ ನಾಲ್ಕು ತೂತಿನ ಆರು ಗುಂಡಿಗಳಿದ್ದವು. ಐದಕ್ಕೆ ದಾರ ನೆಟ್ಟಗೆ ಎರಡು ಗೀಟಾಗಿ ಹೋಗಿತ್ತು, ಮೂರನೆಯದಕ್ಕೆ ಮಾತ್ರ ಅಡ್ಡಡ್ಡ ಕತ್ತರಿಯಾಗಿ. ಕೋಟಿನ ಮೇಲಿನ ಗುಂಡಿಗಳೂ ಹಾಗೇ ಕತ್ತರಿ ಹೊಲಿಗೆ. ಅವಳು ಬಳಗದಲ್ಲಿ ಬರೆದಳು: "ಹಲ್ಲು ಡಾಕ್ಟರೇ ಕೊಲೆಗಾರ. ದಾರ ಹೇಳ್ತಿದೆ." ಎಲ್ಲರೂ ನಕ್ಕರು. ಒಂಬತ್ತನೇ ಕಂತಿನಲ್ಲಿ ಅದೇ ನಿಜವಾಯಿತು.

ಆಮೇಲೆ ಕೇಳಬೇಕೇ! ಬಳಗಕ್ಕೆ ಅವಳು ಹೇಳಿದ್ದೇ ವೇದವಾಯಿತು. ಗುಂಡಿಯಕ್ಕ ಏನಂತಾರೆ, ಮುಂದಿನ ಹೆಣ ಯಾರದು ಅಂತಾರೆ ಎಂದು ನೂರು ಪ್ರಶ್ನೆ ಬರುತ್ತಿದ್ದವು. ಹುಟ್ಟಿದಾಗಿನಿಂದ ಅವಳನ್ನು ಯಾರೂ ಏನನ್ನೂ ಕೇಳಿದವರಲ್ಲ. ಗಂಡ ಊಟಕ್ಕೆ ಏನು ಎಂದು ಕೇಳುತ್ತಿದ್ದ, ಗಿರಾಕಿಗಳು ಯಾವಾಗ ಕೊಡ್ತೀರಿ ಎಂದು ಕೇಳುತ್ತಿದ್ದರು, ಅಷ್ಟೆ. ಅವಳು ಉಬ್ಬಿಹೋದಳು. ಅಂಗಡಿ ಮುಂದಿನ ಬೊಂಬೆಗೆ ಒಂದು ಬೂದು ಕೋಟು ಹೊಲಿದು ತೊಡಿಸಿದಳು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಹಿಂದಿನ ಸಂಜೆ ಸತ್ತವರ ಲೆಕ್ಕಕ್ಕೆ ಅದರ ಮೇಲೆ ಒಂದು ಗುಂಡಿ ಹೊಲಿಯುತ್ತಿದ್ದಳು. ಜನ ಬಂದು ಕೋಟಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬ ಗಿರಾಕಿ ತನ್ನ ಹೆಂಡತಿಯನ್ನು ತೋರಿಸಿ, "ಅಕ್ಕಾ, ಇವಳ ನಂಬರ್ ಯಾವಾಗ?" ಎಂದು ಕೇಳಿದಾಗ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆ ನಗು ಪಕ್ಕದ ಅಂಗಡಿಗೂ ಕೇಳಿಸುತ್ತಿತ್ತು. ಪಕ್ಕದ್ದು ಗಡಿಯಾರ ರಿಪೇರಿ ಅಂಗಡಿ. ನಡುವೆ ಗೋಡೆ ಎನ್ನುವುದು ಮಾತಿಗಷ್ಟೆ, ಇದ್ದದ್ದು ಒಂದು ಪ್ಲೈವುಡ್ ಹಲಗೆ. ಆಚೆ ಕೆಮ್ಮಿದರೆ ಈಚೆ ಗೊತ್ತಾಗುತ್ತಿತ್ತು. ಗಡಿಯಾರದವರಿಗೆ ಅರವತ್ತು ದಾಟಿತ್ತು, ಹೆಂಡತಿ ತೀರಿಕೊಂಡಿದ್ದರು. ಅವಳು ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರು ಅವಳನ್ನು ತಂಗಿ ಎನ್ನುತ್ತಿದ್ದರು. ದಿನಾ ನಾಲ್ಕು ಗಂಟೆಗೆ ಅವರು ಸ್ಕ್ರೂಡ್ರೈವರಿನಿಂದ ಹಲಗೆಗೆ ಎರಡು ಸಲ ತಟ್ಟುತ್ತಿದ್ದರು. ಅವಳು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು ಬರುತ್ತಿದ್ದಳು. ಹದಿನಾರು ವರ್ಷ ತಪ್ಪದೆ ನಡೆದ ಪದ್ಧತಿ ಅದು.

ಅವರಿಗೆ ಒಬ್ಬಳು ಮಗಳಿದ್ದಳು. ಹನ್ನೊಂದು ವರ್ಷದ ಹಿಂದೆ, ಹತ್ತೊಂಬತ್ತರ ಆ ಹುಡುಗಿ ರಿಪೇರಿಯಾದ ಗೋಡೆ ಗಡಿಯಾರವೊಂದನ್ನು ಗಿರಾಕಿಯ ಮನೆಗೆ ಕೊಟ್ಟು ಬರುತ್ತೇನೆಂದು ಹೋದಳು. ಗಡಿಯಾರ ತಲುಪಿತು. ಹುಡುಗಿ ವಾಪಸು ಬರಲಿಲ್ಲ. ಅಂದು ಅವಳು ಹಾಕಿಕೊಂಡಿದ್ದ ನೀಲಿ ಜಾಕೆಟ್ಟು ಇದೇ ಟೈಲರ್ ಹೊಲಿದದ್ದು. ಪೊಲೀಸರಿಗೆ ಅದರ ವಿವರ ಹೇಳಿದವಳೂ ಅವಳೇ. ಅದೇ ಗೊಂಚಲಿನಲ್ಲಿ ಉಳಿದಿದ್ದ ಒಂದು ಗುಂಡಿಯನ್ನು ಕೊಟ್ಟು, "ಅಣ್ಣ, ಇದು ನಿಮ್ಮತ್ರ ಇರ್ಲಿ. ಏನಾದ್ರೂ ಸಿಕ್ರೆ ಹೊಂದಿಸಿ ನೋಡೋಕಾಗತ್ತೆ" ಅಂದಿದ್ದಳು. ಆಮೇಲೆ ಮೂರು ಸಲ ಠಾಣೆಯಿಂದ ಕರೆ ಬಂದಿತ್ತು. "ಒಂದು ಕಡೆ ಗುಂಡಿ ಸಿಕ್ಕಿದೆ, ಬಂದು ನೋಡಿ." ಆ ಗುಂಡಿ ಅಂಗಿಯದಲ್ಲ, ನೆಲದ್ದು, ಹೆಣ ಹೂತದ್ದು. ಮೂರು ಸಲವೂ ಅವರು ಹೋಗಿ, ಬೇರೆ ಯಾರದೋ ಮಗುವನ್ನು ನೋಡಿ ಬಂದರು.

ಮೊದಲ ವರ್ಷ ಸಾಲಿನವರೆಲ್ಲ ಅವರನ್ನು ವಿಚಾರಿಸುತ್ತಿದ್ದರು. ಆಮೇಲೆ ಪಾಪ, ಯಾಕೆ ಕೆದಕೋದು ಎಂದು ಬಿಟ್ಟರು. ಕೆದಕಬಾರದು ಎನ್ನುವುದು ಎಷ್ಟು ಅನುಕೂಲದ ಮಾತು ನೋಡಿ! ಕೇಳುವ ತೊಂದರೆಯೂ ತಪ್ಪಿತು, ಒಳ್ಳೆಯವರೆಂಬ ಹೆಸರೂ ಉಳಿಯಿತು. ಅವಳೂ ಬಿಟ್ಟವಳೇ. ದಿನಾ ಟೀ ಕೊಡುತ್ತಿದ್ದಳು, ಬಿಸಿಲಿನ ಸುದ್ದಿ ಮಾತಾಡುತ್ತಿದ್ದಳು, ಬರುತ್ತಿದ್ದಳು.

ಹದಿನೈದನೇ ಶುಕ್ರವಾರ ಧಾರಾವಾಹಿಯಲ್ಲಿ ಎಲ್ಲರ ಮುದ್ದಿನ ಹುಡುಗಿಯ ಸರದಿ ಬಂತು. ಅವಳು ಹೂವಿನ ಅಂಗಡಿಯವಳು. ಮೊದಲ ಕಂತಿನಲ್ಲೇ ಕಾಣೆಯಾಗಿದ್ದಳು, ಬದುಕಿದ್ದಾಳೆಂದೇ ಬಳಗವೆಲ್ಲ ನಂಬಿತ್ತು. ಅವಳ ಅಪ್ಪ ಕಂತುಕಂತಿಗೂ ಬಾಗಿಲಲ್ಲಿ ಕೂತು ಕಾಯುತ್ತಿದ್ದ. ಅಂದು ಕೋಟಿನ ಒಳಮಡಿಕೆಯಲ್ಲಿ ಅವಳ ಗುಂಡಿ ಕಂಡಿತು. ಬಳಗದಲ್ಲಿ ಒಬ್ಬರೂ ಜೋಕು ಮಾಡಲಿಲ್ಲ. ಗುಂಡಿಯಕ್ಕ ಅತ್ತಳು. ಮಾರನೆಯ ಬೆಳಿಗ್ಗೆ ಅಂಗಡಿಗೆ ಬಂದು ಯಂತ್ರದ ಹೊದಿಕೆ ತೆಗೆಯುವಾಗ ಮತ್ತೆ ಅಳು ಬಂತು.

ನಾದಿನಿ ಆ ಸಂಜೆ ಧಾರಾವಾಹಿ ನೋಡಿರಲಿಲ್ಲ. "ಏನಾಯ್ತತ್ತಿಗೆ?" ಎಂದಳು.

"ಸಿಕ್ತು ಕಣೆ," ಅವಳು ಬಿಕ್ಕಿದಳು. "ಹುಡುಗಿ ಗುಂಡಿ ಸಿಕ್ತು. ನಾನೇ ಕಣ್ಣಾರೆ ನೋಡಿದೆ. ಇಷ್ಟು ದಿನ ಎಲ್ಲೋ ಬದುಕಿದಾಳೆ ಅನ್ಕೊಂಡಿದ್ದೆ."

"ಅಯ್ಯೋ! ಅಪ್ಪನಿಗೆ ಗೊತ್ತಾಯ್ತಾ?"

"ಎಲ್ಲಿ ಗೊತ್ತು! ಪಾಪ, ಇನ್ನೂ ಕಾಯ್ತಾನೇ ಕೂತಿರೋದು. ಯಾರು ಹೋಗಿ ಹೇಳ್ತಾರೋ."

ಪಕ್ಕದಲ್ಲಿ ಏನೋ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಶಟರ್ ದಡಾರನೆ ಇಳಿಯಿತು. ಬೆಳಿಗ್ಗೆ ಹತ್ತೂವರೆಗೆ ಗಡಿಯಾರದಣ್ಣ ಅಂಗಡಿ ಮುಚ್ಚಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಬಿಡಿಭಾಗ ತರಲು ಹೋಗಿರಬೇಕು ಎಂದುಕೊಂಡು, ಮೂಗು ಒರೆಸಿ, ಬೊಂಬೆಯ ಕೋಟಿನ ಒಳಮಡಿಕೆಗೆ ಹೊಸ ಗುಂಡಿ ಹೊಲಿದಳು.

ಹನ್ನೆರಡಕ್ಕೆ ಫೋನು ಬಂತು. ಠಾಣೆಯಿಂದ, ಮಹಿಳಾ ಪೇದೆ.

"ಟೈಲರ್ ಅಂಗಡೀನಾ? ನಿಮ್ಮ ಪಕ್ಕದವರು ಇಲ್ಲಿ ಬಂದು ಕೂತು ಒಂದು ಗಂಟೆ ಮೇಲಾಯ್ತು. ಮಗಳ ಗುಂಡಿ ಸಿಕ್ಕಿದೆ, ಕರ್ಕೊಂಡ್ ಹೋಗಿ ತೋರಿಸಿ ಅಂತಿದಾರೆ. ನಮಗೆ ಅಂಥದ್ದೇನೂ ಮಾಹಿತಿ ಇಲ್ಲ. ನೀವೇ ಕಣ್ಣಾರೆ ನೋಡಿದ್ರಂತಲ್ಲ, ಎಲ್ಲಿ ನೋಡಿದ್ರಿ?"

ನಿಜ ಹೇಳಲು ಎರಡು ಮಾತು ಸಾಕಿತ್ತು. ಆದರೆ ಆ ಎರಡು ಮಾತನ್ನು ಪೊಲೀಸಿನವಳ ಕಿವಿಗೆ ಹಾಕುವುದು ಹೇಗೆ? ನಾನು ಟಿವಿ ನೋಡಿ ಅಳುತ್ತಿದ್ದೆ ಎಂದೇ?

"ನಾನಲ್ಲಮ್ಮ, ಯಾರೋ ಗಿರಾಕಿ ಹೇಳ್ತಿದ್ರು" ಎಂದುಬಿಟ್ಟಳು.

"ಯಾವ ಗಿರಾಕಿ? ಹೆಸರೇನು?"

"ಗೊತ್ತಿಲ್ಲ. ಹೊಸಬರು."

"ಮತ್ತೆ ಬಂದ್ರೆ ಕೂರಿಸ್ಕೊಂಡು ನಮಗೆ ಫೋನ್ ಮಾಡಿ. ಇವರಿಗೂ ಹಾಗೇ ಹೇಳ್ತೀನಿ."

ಫೋನಿಟ್ಟ ಮೇಲೆ ಅವಳಿಗೆ ತಾನು ಮಾಡಿದ್ದು ಏನೆಂದು ತಿಳಿಯಿತು. ಈಗ ಆ ಮನುಷ್ಯನಿಗೆ ಒಬ್ಬ ಗಿರಾಕಿ ಹುಟ್ಟಿಕೊಂಡಿದ್ದ, ಗುಂಡಿ ಎಲ್ಲಿದೆಯೆಂದು ಬಲ್ಲ ಒಬ್ಬ ಗಿರಾಕಿ. ಇನ್ನು ಅವರು ಸಾಯುವ ತನಕ ಅವನಿಗಾಗಿ ಕಾಯುತ್ತಾರೆ.

ನಾದಿನಿ ಎಲ್ಲ ಕೇಳಿಸಿಕೊಂಡಿದ್ದಳು. "ಅತ್ತಿಗೆ, ನೀವು ಹೋಗ್ಬೇಕು."

"ಹೋಗ್ತೀನಿ. ಈ ಪ್ಯಾಂಟೊಂದು ಮುಗಿಸಿ..."

"ಪ್ಯಾಂಟು ನಾನು ಮುಗಿಸ್ತೀನಿ."

ಆದರೂ ಅವಳು ಪ್ಯಾಂಟು ಮುಗಿಸಿದಳು. ದಾರ ಎರಡು ಸಲ ತುಂಡಾಯಿತು, ಎಡಗಾಲು ಬಲಗಾಲಿಗಿಂತ ಗಿಡ್ಡವಾಯಿತು. ಅದನ್ನು ಬಿಚ್ಚಿ ಮತ್ತೆ ಹೊಲಿದಳು. ಎದ್ದಾಗ ಒಂದು ಗಂಟೆ ದಾಟಿತ್ತು. ಅಷ್ಟು ಹೊತ್ತು ಅವರು ಅಲ್ಲಿ ಕೂತಿದ್ದರು ಎನ್ನುವುದನ್ನು ಅವಳಿಗೆ ಇವತ್ತಿಗೂ ಮರೆಯಲಾಗಿಲ್ಲ.

ಠಾಣೆಯ ಬಾಗಿಲ ಪಕ್ಕದ ಬೆಂಚಿನಲ್ಲಿ ಗಡಿಯಾರದಣ್ಣ ನೆಟ್ಟಗೆ ಕೂತಿದ್ದರು. ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ಹಣೆಯ ಮೇಲೇ ಇತ್ತು, ಎದ್ದು ಬಂದ ರಭಸಕ್ಕೆ ತೆಗೆದಿಡುವುದನ್ನೂ ಮರೆತಿದ್ದರು. ತೊಡೆಯ ಮೇಲೆ ಬಿಡಿಭಾಗ ಇಡುವ ಪುಟ್ಟ ಡಬ್ಬಿ. ಅವಳನ್ನು ನೋಡಿ ಅವರ ಮುಖ ಬೆಳಗಿತು.

"ಬಂದ್ಯಾ ತಂಗಿ. ಆ ಗಿರಾಕಿ ಸಿಕ್ಕಿದ್ರಾ?" ಎಂದು ಡಬ್ಬಿ ತೆರೆದರು. ಹತ್ತಿಯ ಮೇಲೆ ಆ ನೀಲಿ ಗುಂಡಿ ಇತ್ತು. "ನೋಡು, ನೀನು ಕೊಟ್ಟಿದ್ದು. ತಂದಿದೀನಿ. ಹೊಂದಿಸಿ ನೋಡೋಕೆ."

ಅವಳು ನಿಂತೇ ಇದ್ದಳು. ಮೇಜಿನಾಚೆ ಪೇದೆ ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಇನ್ನೂ ಇಬ್ಬರು ಯಾವುದೋ ದೂರು ಕೊಡಲು ಬಂದವರು ಕೂತಿದ್ದರು.

"ಗಿರಾಕಿ ಯಾರೂ ಇಲ್ಲ ಅಣ್ಣ. ಸುಳ್ಳು ಹೇಳಿದೆ," ಎಂದಳು. "ಬೆಳಿಗ್ಗೆ ನಾನು ಹೇಳಿದ್ದು ಸೀರಿಯಲ್ ಕಥೆ. ಆ ಹುಡುಗಿ ಸೀರಿಯಲ್ ಹುಡುಗಿ. ಗುಂಡಿ ಅಂದಿದ್ದು ಇದು..." ಎಂದು ತನ್ನ ಅಂಗಿಯ ಗುಂಡಿಯನ್ನು ಹಿಡಿದು ತೋರಿಸಿದಳು.

ದೂರು ಕೊಡಲು ಬಂದವರಲ್ಲೊಬ್ಬ ಕಿಸಕ್ಕೆಂದ. ಪೇದೆ ಅವನನ್ನು ದುರುಗುಟ್ಟಿ ನೋಡಿದಳು.

ಗಡಿಯಾರದಣ್ಣ ಬಹಳ ಹೊತ್ತು ಅವಳ ಕೈಯನ್ನೇ ನೋಡಿದರು. ಬಯ್ಯಲಿ ಎಂದು ಅವಳು ಕಾದಳು. ಅವರು ಡಬ್ಬಿಯ ಮುಚ್ಚಳ ಹಾಕಿದರು.

"ನೀವು ಸೀರಿಯಲ್ ನೋಡೋದು ನಂಗೆ ಗೊತ್ತು ತಂಗಿ. ನಾಲ್ಕು ತಿಂಗಳಿಂದ ಕೇಳ್ತಾನೇ ಇದೀನಲ್ಲ. ಯಾರು ಸತ್ರು, ಮುಂದೆ ಯಾರು ಸಾಯ್ತಾರೆ. ನೀವೆಲ್ಲ ನಗ್ತಿದ್ರಿ. ನಗ್ತಿದಾರೆ, ಹಾಗಾದ್ರೆ ಸುಳ್ಳು ಕಥೆ ಅಂತ ಸುಮ್ನಿರ್ತಿದ್ದೆ. ಇವತ್ತು ನೀನು ಅತ್ತೆ. ಅಳು ಕೇಳಿ ನಿಜ ಅನ್ಕೊಂಡೆ."

ಅಷ್ಟು ಹೇಳಿ ಅವರು ಎದ್ದರು. ಪೇದೆಗೆ ತೊಂದರೆಯಾಯ್ತು ಎಂದು ಕೈಮುಗಿದರು. ಇಬ್ಬರೂ ಅಂಗಡಿವರೆಗೆ ಒಟ್ಟಿಗೇ ನಡೆದರು. ಅವಳ ಎದೆಯಲ್ಲಿ ಒಂದೇ ಯೋಚನೆ. ಈ ಮನುಷ್ಯನ ಮಗಳಿಗೆ ನಾನು ಬಟ್ಟೆ ಹೊಲಿದೆ, ಅಳತೆ ತೆಗೆಯುವಾಗ ಅವಳು ಕಚಗುಳಿಯೆಂದು ನಗುತ್ತಿದ್ದಳು. ಅವಳಿಗಾಗಿ ಹತ್ತು ವರ್ಷದಿಂದ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹೂವಿನಂಗಡಿಯ ಆ ಬಣ್ಣದ ಬೊಂಬೆಗೆ ಎರಡು ದಿನ ಅತ್ತೆ. ಅಂಗಡಿ ಬಾಗಿಲಲ್ಲಿ ಅವರು ಬೂದು ಕೋಟಿನ ಮುಂದೆ ಹಾದು ಹೋದರು. ಆರು ವಾರದಿಂದ ದಿನಾ ಹೀಗೇ ಹಾದು ಹೋಗುತ್ತಿದ್ದರೆಂದು ಅವಳಿಗೆ ಈಗ ಹೊಳೆಯಿತು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಕೋಟನ್ನು ಅವತ್ತೇ ಇಳಿಸಿದಳು. ಗುಂಡಿ ಒಂದೊಂದನ್ನೂ ಬಿಚ್ಚಿದಳು. ಕತ್ತರಿ ಹೊಲಿಗೆ ಬಿಚ್ಚುವುದು ಕಷ್ಟ, ನೆಟ್ಟಗಿನದಕ್ಕಿಂತ ಗಟ್ಟಿಯಾಗಿರುತ್ತದೆ. ಬಳಗದಲ್ಲಿ "ಗುಂಡಿಯಕ್ಕ ಎಲ್ಲಿ?" ಎಂಬ ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಅವಳು ಉತ್ತರಿಸಲಿಲ್ಲ. ಬಳಗ ಬಿಡಲೂ ಇಲ್ಲ. ಸತ್ಯ ಹೇಳಬೇಕೆಂದರೆ, ಮುಂದಿನ ಶುಕ್ರವಾರ ಕೊನೆಯ ಕಂತನ್ನೂ ನೋಡಿದಳು, ಸದ್ದು ಪೂರಾ ಇಳಿಸಿ, ಕಳ್ಳಿಯ ಹಾಗೆ. ಅಷ್ಟಾದ ಮೇಲೂ ನೋಡದೆ ಇರಲಾಗಲಿಲ್ಲವಲ್ಲ ಎಂಬ ನಾಚಿಕೆ ಬೇರೆ ಸೇರಿಕೊಂಡಿತು.

ಆ ವಾರವೆಲ್ಲ ನಾಲ್ಕು ಗಂಟೆಗೆ ಹಲಗೆಗೆ ಯಾರೂ ತಟ್ಟಲಿಲ್ಲ. ಅವಳು ದಿನಾ ಫ್ಲಾಸ್ಕು ತುಂಬಿಕೊಂಡು ಬಂದು, ದಿನಾ ಅರ್ಧ ಚೆಲ್ಲಿದಳು. ತಾನಾಗಿ ಎದ್ದು ಹೋಗಿ ಕೊಡುವ ಮುಖ ಅವಳಿಗಿರಲಿಲ್ಲ.

ಶನಿವಾರ ನಾಲ್ಕಕ್ಕೆ ಎರಡು ಸಲ ತಟ್ಟಿದ ಸದ್ದಾಯಿತು. ಅವಳು ಯಂತ್ರ ನಿಲ್ಲಿಸಿ ಎದ್ದು ನಿಂತಳು. ಟೀ ಬಗ್ಗಿಸುವ ಮೊದಲೇ ಹಲಗೆಯಾಚೆಯಿಂದ ದನಿ ಬಂತು.

"ತಂಗಿ, ನಿನ್ನೆ ಮುಗೀತಂತಲ್ಲ ಅದು?"

"ಮುಗೀತಣ್ಣ."

"ಆ ಅಪ್ಪನಿಗೆ ಗೊತ್ತಾಯ್ತಾ?"

ಅವಳು ನಾದಿನಿಯ ಮುಖ ನೋಡಿದಳು. ನಾದಿನಿ ತಲೆ ತಗ್ಗಿಸಿದಳು.

"ಗೊತ್ತಾಯ್ತು. ಕರ್ಕೊಂಡ್ ಹೋಗಿ ತೋರ್ಸಿದ್ರು. ಮನೆಗೆ ತಂದು ಮಣ್ಣು ಮಾಡ್ದ."

ಆಚೆ ಯಾವುದೋ ಗಡಿಯಾರಕ್ಕೆ ಕೀಲಿ ಕೊಟ್ಟ ಸದ್ದು ಕೇಳಿಸಿತು.

"ಒಳ್ಳೇದಾಯ್ತು ಬಿಡು," ಎಂದರು ಗಡಿಯಾರದಣ್ಣ. "ಅವನಿಗಾದ್ರೂ ಸಿಕ್ಕಿದ್ಲಲ್ಲ."

ಆ ಮಾತಿನಲ್ಲಿ ಕೊಂಕು ಹುಡುಕಿದಳು, ಇರಲಿಲ್ಲ. ಕೊಂಕಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.